ಅವನಿಲ್ಲದಾಗ ತೆರೆದ ನಕ್ಷೆ

ನನ್ನ ನಕ್ಷೆಯ ಮೆಟ್ಟಿಲನ್ನು ಅವನೇ ಅಳಿಸಿದ್ದಾನೆ ಅಂದುಕೊಂಡು ಉರಿಯುತ್ತಲೇ ಅವನ ಮೇಜಿಗೆ ಹೋದೆ. ಕಟ್ಟಡಗಳ ನಕ್ಷೆ ಬರೆಯುವ ಆ ಕಚೇರಿಯಲ್ಲಿ ಕೆಲಸಕ್ಕೆ ಸೇರಿ ನಾಲ್ಕೇ ದಿನ. ಕಟ್ಟಲಿರುವ ಹೊಲಿಗೆ ಕಾರ್ಖಾನೆಯ ಪ್ಲಾನು ನನ್ನದು, ಅದರ ತುರ್ತು ಮೆಟ್ಟಿಲು ಅವನದು. ಬೆಳಿಗ್ಗೆ ತೆರೆದರೆ ಮೆಟ್ಟಿಲಿದ್ದ ಕಡೆ ಖಾಲಿ, ನಡುವೆ ಒಂದೇ ಸಾಲು: ಫೈಲ್ ಸಿಗಲಿಲ್ಲ.

ಅವನು ಆಗತಾನೇ ಬಂದು ಕಂಪ್ಯೂಟರ್ ಆನ್ ಮಾಡುತ್ತಿದ್ದ. "ಅಳಿಸಿಲ್ಲ ಮೇಡಂ. ನಾನಿನ್ನೂ ಬಂದಿರಲಿಲ್ಲ, ಅಷ್ಟೇ," ಅಂದ. ಕಣ್ಣಲ್ಲಿ ನಗು ಅದುಮಿಟ್ಟುಕೊಂಡಿದ್ದ.

ಆಮೇಲೆ ಕುರ್ಚಿ ಎಳೆದುಕೊಂಡು ವಿವರಿಸಿದ. ನನ್ನ ನಕ್ಷೆಯೊಳಗೆ ಮೆಟ್ಟಿಲು ಇಲ್ಲವೇ ಇಲ್ಲ, ಅದರ ವಿಳಾಸ ಮಾತ್ರ ಇದೆ. ತೆರೆದಾಗಲೆಲ್ಲ ಸಾಫ್ಟ್‌ವೇರ್ ಮೊದಲು ಆ ವಿಳಾಸಕ್ಕೆ, ಅಂದರೆ ಅವನ ಕಂಪ್ಯೂಟರಿಗೆ, ಹೋಗುತ್ತದೆ. ಅಲ್ಲಿಲ್ಲದಿದ್ದರೆ ನನ್ನ ನಕ್ಷೆಯಿರುವ ಫೋಲ್ಡರಿನಲ್ಲಿ ತಡಕುತ್ತದೆ. ಅಲ್ಲೂ ಇಲ್ಲವೆಂದರೆ ಕಚೇರಿಯವರು ಗುರುತುಮಾಡಿಟ್ಟ ಬೇರೆ ಫೋಲ್ಡರುಗಳಲ್ಲಿ. ಎಲ್ಲೂ ಸಿಗದಿದ್ದರೆ ಕೈಚೆಲ್ಲುತ್ತದೆ.

"ಅದು ಹೆಸರು ಮಾತ್ರ ನೋಡತ್ತೆ," ಅಂದ. "ಅದೇ ಹೆಸರಿನವರು ಯಾರು ಸಿಕ್ಕರೂ ಕೈಹಿಡಿದು ಕರ್ಕೊಂಡು ಬಂದುಬಿಡತ್ತೆ."

ಹೀಗೆ ಶುರುವಾಯಿತು. ಕಚೇರಿಯವರು ಅವನನ್ನು ಮೆಟ್ಟಿಲಪ್ಪ ಅನ್ನುತ್ತಿದ್ದರು. ನನಗೆ ಅವನು ಗೆರೆಯಮ್ಮ ಅಂತ ಹೆಸರಿಟ್ಟ. ಬೆಳಿಗ್ಗೆ ನನ್ನ ಪರದೆಯ ಮೇಲೆ ಮೆಟ್ಟಿಲು ಮೂಡಿದರೆ ಅವನು ಬಂದಿದ್ದಾನೆ ಎಂದರ್ಥ. ತಲೆ ಎತ್ತದೆ ಕಾಯುತ್ತಿದ್ದೆ. ಅವನು ನೀರು ಕುಡಿಯುವ ನೆಪದಲ್ಲಿ ನನ್ನ ಮೇಜು ಬಳಸಿಕೊಂಡು ಹೋಗುತ್ತಿದ್ದ. ಅಷ್ಟು ನೀರು ಯಾರೂ ಕುಡಿಯುವುದಿಲ್ಲ.

ಒಮ್ಮೆ ಮೂರು ದಿನ ರಜೆ ಹಾಕಿದ. ಹಿಂದಿನ ಸಂಜೆ ಅವನ ಮೆಟ್ಟಿಲ ಫೈಲನ್ನು ನನ್ನ ಫೋಲ್ಡರಿಗೆ ನಕಲು ಮಾಡಿಕೊಂಡೆ. ಕೆಲಸಕ್ಕೇನೂ ಬೇಕಿರಲಿಲ್ಲ. ಆ ಮೂರು ದಿನ ನಾನು ಎಳೆದದ್ದೆಲ್ಲ ಇನ್ನೊಂದು ತುದಿಯ ಶೌಚಾಲಯಗಳ ಗೋಡೆ. ಆ ಖಾಲಿಯನ್ನು ನೋಡಲು ಮನಸ್ಸು ಒಪ್ಪಲಿಲ್ಲ.

ವಾಪಸು ಬಂದವನು ಒಂದು ಮಧ್ಯಾಹ್ನ ನನ್ನನ್ನು ಮೊಗಸಾಲೆಗೆ ಕರೆದ. ಗೋಡೆಗೆ ಒತ್ತಿಕೊಂಡು ನನ್ನ ಪಕ್ಕ ನಿಲ್ಲು ಅಂದ. ಟೇಪು ಬಿಚ್ಚಿ ನಮ್ಮಿಬ್ಬರ ಅಗಲ ಅಳೆದ. ಅವನ ತೋಳು ನನ್ನ ತೋಳಿಗೆ ತಾಗುತ್ತಿತ್ತು. ನಾನು ಉಸಿರು ಬಿಗಿಹಿಡಿದೆ. "ಉಸಿರಾಡು ಮಾರಾಯ್ತಿ, ಓಡುವವರು ಉಸಿರಾಡ್ತಾರೆ," ಅಂದ. ನಾನೂರು ಹೆಂಗಸರು ಇಳಿಯಬೇಕಾದ ಮೆಟ್ಟಿಲಲ್ಲಿ ಇಬ್ಬರು ಜೊತೆಯಾಗಿ ಇಳಿಯುವಷ್ಟು ಜಾಗವಿರಲಿಲ್ಲ.

ಕಾರ್ಖಾನೆ, ಕಚೇರಿ ಎರಡೂ ಯಜಮಾನರದೇ. ಅಗಲ ಮಾಡಲು ಅವರು ಒಪ್ಪಲಿಲ್ಲ. ಆ ಜಾಗದಲ್ಲಿ ಎರಡು ಸಾಲು ಮೆಷಿನ್ ಕೂರುತ್ತವೆ ಅಂದರು. ತಪಾಸಣೆ ಇಲಾಖೆಗೆ ಬರೆಯುತ್ತೇನೆ ಎಂದು ಇವನು ನಿಂತಲ್ಲೇ ನಿಂತ. ಕೊನೆಗೆ ಅಗಲ ಮಾಡು ಅಂದರು. ಮಾಡಿದ. ಮಾರನೇ ವಾರವೇ ಅವನನ್ನು ಕೆಳಗಿನ ಗೋದಾಮಿಗೆ ಹಾಕಿ, ಕಂಪ್ಯೂಟರನ್ನೂ ಕಿತ್ತುಕೊಂಡರು. ಎದುರಾಡಿದವನ ಬಾಯಿಗೆ ಧೂಳು ತುಂಬುವುದು ಇಂಥವರಿಗೆ ಹೊಸತಲ್ಲ.

ಅಂದು ನಕ್ಷೆ ತೆರೆದೆ. ಖಾಲಿ ಇರಲಿಲ್ಲ. ಫೈಲನ್ನು ಯಾರೋ ಸರಿಯಾದ ಕಡೆ ಇಟ್ಟಿದ್ದಾರೆ ಅಂದುಕೊಂಡು ಸಮಾಧಾನವಾಯಿತು. ಎಲ್ಲಿಂದ ಸಿಕ್ಕಿತು ಎಂದು ತೋರಿಸುವ ಪಟ್ಟಿಯೊಂದಿದೆ, ನಾನು ತೆರೆಯಲಿಲ್ಲ. ಅವನ ವಿಳಾಸದಲ್ಲಿ ಯಾರೂ ಇಲ್ಲದೆ ಸಾಫ್ಟ್‌ವೇರ್ ನನ್ನ ಫೋಲ್ಡರಿಗೇ ಬಂದು, ನಾನು ಬಚ್ಚಿಟ್ಟು ಮರೆತಿದ್ದ ಹಳೆಯ, ಇಕ್ಕಟ್ಟಿನ ಮೆಟ್ಟಿಲನ್ನು ಎತ್ತಿಕೊಂಡಿತ್ತು. ನಾನೇ ಪ್ರಿಂಟ್ ತೆಗೆದೆ. ಮೂಲೆಯಲ್ಲಿ, ಮೆಟ್ಟಿಲಿನ ಫೈಲಿನೊಂದಿಗೇ ಬಂದ ಅವನ ಸಹಿಯಿತ್ತು.

ಕಾಂಕ್ರೀಟ್ ಹಾಕುವ ಮುಂಚೆ ಮೇಸ್ತ್ರಿ ಫೋನ್ ಮಾಡಿ, ಅಗಲ ಆಗಬೇಕಿತ್ತಲ್ವಾ ಅಂತ ಕೇಳಿದನಂತೆ. ಹಾಳೆಯಲ್ಲಿ ಇದ್ದಂತೆ ಕಟ್ಟು ಅಂದರಂತೆ ಯಜಮಾನರು.

ಕಾರ್ಖಾನೆ ಶುರುವಾಗಿ ಏಳು ತಿಂಗಳಿಗೆ ಮೂರನೇ ಮಹಡಿಯಲ್ಲಿ ಹೊಗೆ ಕಾಣಿಸಿತು. ಬೆಂಕಿ ದೊಡ್ಡದೇನಲ್ಲ. ಮೆಟ್ಟಿಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. ಕಾಲರ್ ಹೊಲಿಯುತ್ತಿದ್ದ ಒಬ್ಬ ಹೆಂಗಸು ಮತ್ತೆ ಏಳಲಿಲ್ಲ. ಪೊಲೀಸರು ಹಾಳೆ ಬಿಡಿಸಿ ಸಹಿ ನೋಡಿದರು. ಅವನನ್ನು ಕರೆದೊಯ್ದರು.

ಆಗ ಪಟ್ಟಿ ತೆರೆದೆ.

ಅಕ್ಕನಿಗೆ ಹೇಳಿದೆ. ಆ ನಕಲು ಅಳಿಸಿಬಿಡು, ಯಾರಿಗೆ ಗೊತ್ತಾಗತ್ತೆ ಅಂದಳು. ಅವನು ಮಾತಾಡುವವನು, ಹೇಗೋ ಪಾರಾಗುತ್ತಾನೆ ಅಂದಳು. ಮಾತಾಡುವವರೇ ಒಳಗೆ ಹೋಗುವುದು ಅಕ್ಕಾ ಅಂದೆ.

ಜಾಮೀನಿನ ಮೇಲೆ ಹೊರಬಂದವನನ್ನು ಅವನ ವಕೀಲೆಯ ಕಚೇರಿಯಲ್ಲಿ ಕಂಡೆ. ಗಡ್ಡ ಬೆಳೆದಿತ್ತು. ಎಲ್ಲ ಹೇಳಿದೆ. ಬೈದಿದ್ದರೆ ಹಗುರಾಗುತ್ತಿದ್ದೆ.

"ನಕಲು ಮಾಡಿದ್ದು ಯಾವಾಗ?"

"ನೀನು ರಜೆ ಹಾಕಿದಾಗ. ಹಿಂದಿನ ಸಂಜೆ."

"ಆಗಲೇನಾ?"

"ಆಗಲೇ."

ಅವನ ಮುಖದಲ್ಲಿ ಏನೋ ಬೆಳಗಿ, ಹಾಗೇ ಆರಿತು. "ನಾನು ಇಷ್ಟು ದಿನ ನೀರು ಕುಡಿದೇ ಸತ್ತೆನಲ್ಲೇ," ಅಂದ. ನಗಲು ಹೋದವನು ಅತ್ತ. ನಾನು ಅವನ ಕೈ ಹಿಡಿದೆ. ಅದೇ ಮೊದಲು.

ವಕೀಲೆ ಬಾಗಿಲಲ್ಲಿ ನಿಂತಿದ್ದರು. ನಿಧಾನವಾಗಿ, ಕೆಟ್ಟ ಸುದ್ದಿ ಹೇಳಿ ರೂಢಿಯಾದವರ ದನಿಯಲ್ಲಿ ಹೇಳಿದರು. ನನ್ನ ಹೇಳಿಕೆ ಮತ್ತು ಆ ಫೈಲಿನ ತಾರೀಖು ಬಿಟ್ಟರೆ ಅವನ ಪರ ಏನೂ ಇಲ್ಲ. ಅಗಲ ಮಾಡಿದ ಫೈಲು ಕಿತ್ತುಕೊಂಡ ಕಂಪ್ಯೂಟರಿನ ಜೊತೆಗೇ ಹೋಯಿತು. ಮೇಸ್ತ್ರಿ ಬಾಯಿ ಬಿಡುವುದಿಲ್ಲ. "ನಿಮ್ಮಿಬ್ಬರ ನಡುವೆ ಏನೋ ಇದೆ ಅಂತ ಎದುರು ಪಕ್ಷದವರಿಗೆ ಗೊತ್ತಾದರೆ ಮುಗೀತಮ್ಮಾ. ಪ್ರೇಮಿಯನ್ನು ಬಿಡಿಸೋಕೆ ಕಟ್ಟಿದ ಕಥೆ ಅಂತಾರೆ. ಫೋನು, ಪತ್ರ, ಭೇಟಿ ಏನೂ ಬೇಡ."

ಎಷ್ಟು ದಿನ ಅಂತ ನಾನು ಕೇಳಿದೆ. ಇಂಥ ಕೇಸುಗಳು ಮುಗಿಯುವ ಹೊತ್ತಿಗೆ ಜನ ಮುದುಕರಾಗಿರುತ್ತಾರೆ ಅಂದರು.

ಅವನೇ ಕೈ ಬಿಡಿಸಿಕೊಂಡ. ಒಂದೊಂದೇ ಬೆರಳು.

ನಾಲ್ಕು ವರ್ಷದ ಮೇಲೆ ನನ್ನನ್ನು ಕಟಕಟೆಗೆ ಕರೆದರು. ಕಾರ್ಖಾನೆ ನಡೆಯುತ್ತಲೇ ಇದೆ, ಮೆಟ್ಟಿಲೂ ಅದೇ. ಯಜಮಾನರು ಮುಂದಿನ ಸಾಲಿನಲ್ಲಿ ಕೂತಿದ್ದರು. ಆ ಬದಿಗೆ ಅವನು ನಿಂತಿದ್ದ. ಕಣ್ಣಂಚಿಗೆ ಕಂಡದ್ದು ಇಷ್ಟೇ: ಕಿವಿಯ ಹತ್ತಿರ ಕೂದಲು ನೆರೆತಿತ್ತು. ಅವನತ್ತ ನೋಡಬೇಡ ಅಂತ ವಕೀಲೆ ಹೇಳಿದ್ದರು. ನೋಡಲಿಲ್ಲ.

ಎದುರು ಪಕ್ಷದ ವಕೀಲರು ಕನ್ನಡಕ ಒರೆಸಿಕೊಂಡು ಕೇಳಿದರು: "ಈ ಆರೋಪಿ ನಿಮಗೆ ಏನಾಗಬೇಕು?"

"ಏನೂ ಆಗಬೇಕಾಗಿಲ್ಲ," ಅಂದೆ. ಗುಮಾಸ್ತರು ಬರೆದುಕೊಂಡರು.