ಕಾವೇರಿಯ ಸೊಟ್ಟ ಹೆಣಿಗೆ

"ಈ ತೋರಣ ನೀವೇ ಹೆಣದೀರೇನ್ರಿ?"

ಚಹಾದ ಕಪ್ಪು ಕೈಗೆ ತೆಗೆದುಕೊಳ್ಳುತ್ತಾ ಹುಡುಗ ಕೇಳಿದ ಮೊದಲ ಪ್ರಶ್ನೆಯೇ ಅದು.

ಕಾವೇರಿ ತಬ್ಬಿಬ್ಬಾದಳು! ಓದು ಕೇಳಬಹುದು, ಅಡುಗೆ ಬರುತ್ತದೆಯೇ ಎಂದು ಕೇಳಬಹುದು ಅಂದುಕೊಂಡು ಉತ್ತರ ಸಿದ್ಧ ಮಾಡಿಕೊಂಡು ಕುಳಿತಿದ್ದಳು ಪಾಪ. ಬಾಗಿಲ ಮೇಲಿನ ತೋರಣದ ಬಗ್ಗೆ ಯಾರಾದರೂ ಕೇಳುತ್ತಾರೆಯೇ?

ಬಿಳಿ ದಾರದ ಕ್ರೋಶಾ ತೋರಣ ಅದು. ನಡುವೆ ಹಸಿರು ಗಿಳಿಗಳು. ಪಕ್ಕದ ಮನೆಯ ಚನ್ನವ್ವನದು. ಚನ್ನವ್ವ ಮನಗೂಳಿಯ ಮಗಳ ಮನೆಗೆ ಹೋಗಿದ್ದಳು. ಅವಳ ಸೊಸೆಯನ್ನು ಕೇಳಿ ಸೋದರತ್ತೆ ರೇಣುಕಾ ಬೆಳಿಗ್ಗೆ ಎರವಲು ತಂದು ಕಟ್ಟಿದ್ದಳು. ಬಂದವರು ಒಳಗೆ ಕಾಲಿಟ್ಟ ಕೂಡಲೇ "ಎಲ್ಲಾ ನಮ್ಮ ಕಾವೇರಿ ಕೈಕೆಲಸರಿ" ಎಂದೂ ಹೇಳಿಬಿಟ್ಟಿದ್ದಳು.

ಹೆಣ್ಣು ನೋಡುವ ದಿನ ಮನೆಯಲ್ಲಿ ಕಾಣುವ ಕೌದಿ, ಕಸೂತಿ, ತೋರಣ ಎಲ್ಲವೂ ಹುಡುಗಿಯ ಕೈಕೆಲಸವೇ ಆಗಿಬಿಡುವುದು ನಮ್ಮ ಕಡೆ ಹೊಸದೇನಲ್ಲ. ಹೇಳುವವರು ಹೇಳುತ್ತಾರೆ, ಕೇಳುವವರು ಹೂಂಗುಟ್ಟಿ ಅಷ್ಟಕ್ಕೇ ಬಿಡುತ್ತಾರೆ. ಈ ಪುಣ್ಯಾತ್ಮ ಬಿಡಲಿಲ್ಲ!

ಅತ್ತೆ ಸೆರಗಿನ ಮರೆಯಲ್ಲಿ ಸಣ್ಣಗೆ ಚಿವುಟಿದಳು.

"ಹೌದ್ರಿ... ನಾನೇ ಹೆಣದೇನಿ."

ಹುಡುಗ ತಲೆ ಎತ್ತಿ ಅವಳನ್ನೇ ನೋಡಿದ. ತುಟಿಯ ಮೇಲೆ ಸಣ್ಣ ನಗೆ. ಅದು ಮೆಚ್ಚುಗೆಯೋ ಕುಚೇಷ್ಟೆಯೋ ಕಾವೇರಿಗೆ ತಿಳಿಯಲಿಲ್ಲ.

"ಗಿಳಿ ಕೊಕ್ಕು ಹೆಣಿಯೂದು ಅಷ್ಟು ಸರಳ ಅಲ್ರಿ. ಛಲೋ ಹೆಣದೀರಿ," ಎಂದ.

ಹುಡುಗನ ಹೆಸರು ಮಾಳಿಂಗರಾಯ. ಸಿಂದಗಿಯಲ್ಲಿ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. ಕಾವೇರಿಯೂ ದೇವರ ಹಿಪ್ಪರಗಿಯಿಂದ ದಿನಾ ಬಸ್ಸಿನಲ್ಲಿ ಸಿಂದಗಿಗೇ ಹೋಗಿ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುವವಳು. ಒಂದೇ ಊರಲ್ಲಿ ಓಡಾಡಿದರೂ ಅವತ್ತಿನವರೆಗೆ ಒಬ್ಬರನ್ನೊಬ್ಬರು ಕಂಡಿರಲಿಲ್ಲ.

ಸಂಜೆಯೊಳಗೆ ಒಪ್ಪಿಗೆ ಬಂತು. ಹಿಂದೆಯೇ ಹುಡುಗನ ತಾಯಿ ಶೇವಂತೆವ್ವನ ಫೋನೂ ಬಂತು.

"ಯವ್ವಾ ಕಾವೇರಿ, ನನ್ನ ಕಣ್ಣು ಮಂಜಾಗ್ಯಾವ. ಅದಕ್ಕ ನಿನ್ನ ನೋಡಾಕ ಬರಲಿಲ್ಲ. ಹೆಣಿಯೂ ಕೈ ನಮ್ಮ ಮನಿಗೆ ಬರಾಕತ್ತೇತಿ ಅಂತ ಕೇಳಿ ಹೊಟ್ಟಿ ತಂಪಾತು ನೋಡು! ನಿಶ್ಚಯದಾಗ ಉಡಿ ತುಂಬೂ ತಾಟಿನ ಮ್ಯಾಲೆ ಹೊದಿಸಾಕ ನೀನೇ ಒಂದು ಹೊದಿಕಿ ಹೆಣಿಬೇಕವ್ವಾ."

"ಆಗ್ಲಿರಿ ಅತ್ತಿ..." ಎಂದಳು ಕಾವೇರಿ. ಫೋನಿಟ್ಟು ಸೋದರತ್ತೆಯ ಮುಖ ನೋಡಿದಳು.

"ಅದಕ್ಕ್ಯಾಕ ಹೆದರ್ತಿ? ಸಂತ್ಯಾಗ ಒಂದು ತಂದ್ರಾತು," ಎಂದು ರೇಣುಕಾ ನಕ್ಕಳು. "ಸಾವಿರ ಸುಳ್ಳು ಹೇಳಿ ಒಂದು ಮದಿವಿ ಮಾಡು ಅಂದಾರ. ನಾ ಹೇಳಿದ್ದು ಒಂದೇ!"

"ಆ ಸುಳ್ಳಿನ ಕೂಡ ಸಂಸಾರ ಮಾಡಾಕಿ ನಾ ಅಲ್ಲೇನು ಅತ್ತಿ?"

ಅತ್ತೆ ಸೆರಗು ಕೊಡವಿ ಅಡುಗೆಮನೆಗೆ ಎದ್ದು ಹೋದಳು.

ಕಾವೇರಿ ಕ್ರೋಶಾ ಸೂಜಿ ತಂದಳು, ದಾರ ತಂದಳು, ಫೋನಿನಲ್ಲಿ ವಿಡಿಯೋ ನೋಡುತ್ತಾ ಕುಳಿತಳು. ವಿಡಿಯೋದ ಹೆಂಗಸಿನ ಕೈಯಲ್ಲಿ ನೀರಿನಂತೆ ಹರಿದ ದಾರ ಇವಳ ಕೈಯಲ್ಲಿ ಸಿಕ್ಕುಗಟ್ಟಿತು. ಸೂಜಿಯ ಕೊಕ್ಕೆ ಒಮ್ಮೆ ದಾರಕ್ಕೆ, ಇನ್ನೊಮ್ಮೆ ಬೆರಳಿಗೆ! ಸೋತು, ಊರಿನಿಂದ ಮರಳಿದ್ದ ಚನ್ನವ್ವನ ಮನೆಗೆ ತೋರಣ ಹಿಂದಿರುಗಿಸಲು ಹೋದಳು.

"ಇದನ್ನ ಹೆಣದವರು ಯಾರು ಚನ್ನವ್ವಾಯಿ? ಅವರ ಹಂತೇಕ ನಾನೂ ಕಲೀತಿದ್ನಿ."

"ಸಿಂದಗಿ ಶೇವಂತೆವ್ವ. ಆಕಿ ಮಗಾ ಮೋಟಾರ ಅಂಗಡಿ ಇಟ್ಟಾನಲ್ಲ, ಆಕಿನೇ."

ಕಾವೇರಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. 'ಅಯ್ಯೋ ದೇವರೇ... ಅವರ ತಾಯಿ ಹೆಣೆದದ್ದನ್ನ ಅವರ ಎದುರಿಗೇ ನಂದು ಅಂದ್ನಲ್ಲ! ಆ ನಗೆ... ಅವರಿಗೆ ಎಲ್ಲಾ ಗೊತ್ತಿತ್ತು!'

ಮರುದಿನ ಊಟದ ಬಿಡುವಿನಲ್ಲಿ ಅವಳ ಕಾಲು ನೇರ ಮೋಟಾರು ಅಂಗಡಿಗೆ ನಡೆದವು. ಮಾಳಿಂಗರಾಯ ತಾಮ್ರದ ತಂತಿ ಸುತ್ತುತ್ತಿದ್ದ.

"ನಿಮಗ ಗೊತ್ತಿತ್ತು!" ನಮಸ್ಕಾರವಿಲ್ಲ, ಪೀಠಿಕೆಯಿಲ್ಲ.

"ಗೊತ್ತಿತ್ರಿ," ಎಂದ ಅವನು ಶಾಂತವಾಗಿ.

"ಮತ್ತ ಒಪ್ಪಿದ್ದ್ಯಾಕ? ಮುಂದ ಜೀವನಪೂರ್ತಿ ಆಡಿಕೊಂಡು ನಗಾಕೇನು?"

"ಸುಳ್ಳು ಹೇಳೂ ಮುಂದ ನಿಮ್ಮ ಕಿವಿ ಕೆಂಪಗಾಗಿದ್ವು. ಸುಳ್ಳಿನ ರೂಢಿ ಇಲ್ಲ ಈ ಹುಡುಗಿಗೆ ಅಂತ ತಿಳೀತು. ಅಲ್ಲೇ ಒಪ್ಪಿಬಿಟ್ನ್ರಿ."

ಕಾವೇರಿಯ ಸಿಟ್ಟು ಅರ್ಧಕ್ಕೇ ನಿಂತಿತು. ಈಗಲೂ ಕಿವಿ ಬಿಸಿಯಾಗುತ್ತಿತ್ತು, ಕಾರಣ ಮಾತ್ರ ಬೇರೆ!

"ನಿಮ್ಮ ಅವ್ವಗ ನಾನೇ ಖರೆ ಹೇಳ್ತೇನಿ."

"ಬ್ಯಾಡ್ರಿ. ಅವ್ವ ಭಾಳ ಖುಷಿ ಆಗ್ಯಾಳ. ನಿಶ್ಚಯಕ್ಕ ಇನ್ನ ವ್ಯಾಳ್ಯಾ ಐತಿ. ಅಷ್ಟರಾಗ ಕಲಿತ್ರ ಸುಳ್ಳು ಖರೆ ಆಕ್ಕೈತಿ."

"ಕಲಿಸವರು ಯಾರು?"

ಅವನು ಪಕ್ಕಡ, ಸ್ಪ್ಯಾನರುಗಳ ಡಬ್ಬಿಯೊಳಗೆ ಕೈಹಾಕಿ ಒಂದು ಕ್ರೋಶಾ ಸೂಜಿ ಹೊರತೆಗೆದ. "ನಾನ್ರಿ."

ಕಾವೇರಿ ಕಣ್ಣು ಪಿಳಿಪಿಳಿ ಬಿಟ್ಟಳು.

"ನಮ್ಮಜ್ಜ ಕಂಬಳಿ ನೇಯ್ತಿದ್ದ. ಗಂಡಸಿನ ಕೈಯಾಗ ಉಣ್ಣಿ ದಾರ ಇದ್ರ ನಮ್ಮ ಮಂದಿ ಏನೂ ಅನ್ನಂಗಿಲ್ಲ. ಗಿಳಿ ಹೆಣದ್ರ ಮಾತ್ರ ನಗ್ತಾರ. ಅದಕ್ಕ ಯಾರಿಗೂ ತೋರಸಂಗಿಲ್ಲ."

ಹೀಗೆ ಊಟದ ಬಿಡುವಿನ ಪಾಠ ಶುರುವಾಯಿತು. ಅಂಗಡಿಯ ಬಾಗಿಲು ಪೂರಾ ತೆರೆದು, ಗ್ರೀಸಿನ ವಾಸನೆಯ ನಡುವೆ, ಎದುರುಬದುರು ಎರಡು ಸ್ಟೂಲು.

"ದಾರಾನ ಅಷ್ಟು ಬಿಗಿ ಹಿಡಿಬ್ಯಾಡ್ರಿ. ಅದು ಎಲ್ಲಿ ಓಡಿ ಹೋಗ್ತೈತಿ?"

"ಸಡಿಲ ಬಿಟ್ರ ಕುಣಿಕಿ ಹರವಾಗಾಕತ್ತಾವಲ್ರಿ!"

"ಆಗ್ಲಿ. ಮೊದಲ ಹಂಗೇ ಆಗ್ತಾವ."

ಕುಣಿಕೆಗಳ ಸರಪಳಿ ಹಾಕಲು ಬಂದ ಮೇಲೆ ಸಾಲುಗಳ ಕಾಟ ಶುರುವಾಯಿತು. ಪ್ರತಿ ಸಾಲಿನ ಕೊನೆಯ ಕುಣಿಕೆಯನ್ನು ಅವಳು ಮರೆಯುತ್ತಿದ್ದಳು. ಚೌಕವಾಗಬೇಕಾದದ್ದು ಮೇಲೆ ಮೇಲೆ ಹೋದಂತೆ ಸಮೋಸಾದ ಆಕಾರಕ್ಕೆ ಬರುತ್ತಿತ್ತು. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು.

ಒಂದು ದಿನ ಅವನೇ ಹೇಳಿದ. "ಆ ಗಿಳಿ ತೋರಣ ಅವ್ವಂದಲ್ರಿ... ನಂದು."

"ಅಂದ್ರ?"

"ಕಣ್ಣು ಮಂಜಾದ ಮ್ಯಾಲೆ ಅವ್ವನ ಕೈ ತಪ್ಪಾಕತ್ತೇತಿ. ಆಕಿ ಹೆಣದಿಟ್ಟು ಎದ್ದು ಹೋದ್ಲಂದ್ರ ನಾ ಬಿಚ್ಚಿ, ಹೊಳ್ಳಿ ಹೆಣದಿಡ್ತೇನಿ. ಆಕಿಗೆ ಗೊತ್ತಿಲ್ಲ. ತನ್ನ ಕೈ ಇನ್ನೂ ಮೊದಲಿನಂಗೇ ಐತಿ ಅಂತ ತಿಳಕೊಂಡಾಳ."

ಕಾವೇರಿಯ ಕಣ್ಣು ತುಂಬಿದವು. 'ತಾಯಿಯ ಮನಸ್ಸು ನೋಯಬಾರದು ಅಂತ ಇಷ್ಟು ಮಾಡುವ ಗಂಡಸು... ಇವರನ್ನ ಬಿಟ್ಟು ಬೇರೆ ಯಾರನ್ನ ಒಪ್ಪಲಿ ನಾನು?' ಅಂದೇ ಅವಳ ಮನಸ್ಸು ಅವನದಾಗಿ ಹೋಯಿತು. ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟೇ.

ನಿಶ್ಚಯಕ್ಕೆ ವಾರವಿರುವಾಗ ತಾಟಿನ ಹೊದಿಕೆ ಮುಗಿಯಿತು. ಒಂದು ಮೂಲೆ ಮೇಲೆದ್ದಿತ್ತು. ಒಂದು ಅಂಚು ಒಳಕ್ಕೆ ಜಗ್ಗಿತ್ತು. ಆದರೂ ಕಾವೇರಿ ಅದನ್ನು ಅಂಗೈ ಮೇಲೆ ಹರಡಿಕೊಂಡು ಎಷ್ಟೋ ಹೊತ್ತು ನೋಡಿದಳು. ಮೊದಲ ಕುಣಿಕೆಯಿಂದ ಕಡೆಯ ಗಂಟಿನವರೆಗೆ ಎಲ್ಲವೂ ಅವಳದೇ!

"ನಿಮ್ಮ ಅವ್ವಗ ಕೊಡ್ರಿ," ಎಂದು ನಾಚುತ್ತಾ ಅವನ ಕೈಗಿಟ್ಟಳು.

ಎರಡು ದಿನಕ್ಕೆ ಶೇವಂತೆವ್ವನ ಫೋನು.

"ಎಷ್ಟು ಸಮ ಹೆಣದೀ ನನ ಮಗಳ! ನಾಕೂ ಮೂಲಿ ತಡವಿ ನೋಡೇನಿ, ಒಂದು ಕಡೇನೂ ಸೊಟ್ಟ ಇಲ್ಲ!"

ಸೊಟ್ಟ ಇಲ್ಲವೇ?

ಅವತ್ತು ಕಾವೇರಿ ಕೆಲಸ ಬೇಗ ಮುಗಿಸಿ ಅವರ ಮನೆಗೆ ಹೋದಳು. ಶೇವಂತೆವ್ವ ಹಿಗ್ಗಿ ಹೊದಿಕೆಯನ್ನು ತಂದು ತೋರಿಸಿದಳು. ದಾರ ಅದೇ, ಬಣ್ಣ ಅದೇ. ಅಂಚುಗಳು ಮಾತ್ರ ಗೆರೆ ಹೊಡೆದಷ್ಟು ನೇರ. ಕಾವೇರಿ ಚಹಾ ಕುಡಿದು, ಕಾಲಿಗೆ ನಮಸ್ಕರಿಸಿ ಹೊರಬಿದ್ದಳು. ಓಣಿಯ ತಿರುವಿನಲ್ಲಿ ಮಾಳಿಂಗರಾಯ ಎದುರಾದ.

"ನಂದನ್ನ ಬಿಚ್ಚಿದ್ರಿ," ಎಂದಳು.

ಅವನ ಮುಖ ಬಾಡಿತು. "ಒಂದಿಷ್ಟು ಸರಿ ಮಾಡೇನ್ರಿ... ನಿಶ್ಚಯದಾಗ ಮಂದಿ ಆಡಿಕೊಂಡು ನಕ್ಕಾರು ಅಂತ..."

"ನನ್ನ ಒಂದು ಮಾತು ಕೇಳಿದ್ರೇನು?"

ಅವನು ತಲೆ ತಗ್ಗಿಸಿದ.

"ಸೊಟ್ಟ ಇದ್ರೂ ಅದು ನಂದಿತ್ರಿ! ಸುಳ್ಳು ಖರೆ ಆಗ್ಲಿ ಅಂತ ಬೆರಳು ಚುಚ್ಚಿಕೊಂಡು ಕಲತ್ನಿ. ನೀವು ಅದನ್ನ ಹೊಳ್ಳಿ ಸುಳ್ಳು ಮಾಡಿದ್ರಿ. ನಾಳೆ ನಾ ಮಾಡಿದ್ದು, ನಾ ಆಡಿದ್ದು, ಎಲ್ಲಾ ನನ್ನ ಬೆನ್ನ ಹಿಂದ ತಿದ್ದವರೇನು? ನಿಮ್ಮ ಮನಿಯಾಗ ನಾ ಇರಬೇಕೋ, ನೀವು ತಿದ್ದಿದ ಕಾವೇರಿ ಇರಬೇಕೋ?"

"ಕಾವೇರಿಯವರ..."

"ಈ ನಿಶ್ಚಯ ನನಗ ಬ್ಯಾಡ್ರಿ."

ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಅತ್ತಳು. 'ತಾಯಿಗೆ ಹಾಗೆ ಮಾಡಿದಾಗ ಎಷ್ಟು ಒಳ್ಳೆಯವರು ಅನಿಸಿತ್ತು... ನನಗೆ ಮಾಡಿದಾಗ ಯಾಕೆ ಇಷ್ಟು ನೋವು?' ಮನೆಯಲ್ಲಿ ಹೇಗೆ ಹೇಳಬೇಕೆಂದು ತಿಳಿಯದೆ ಅವತ್ತು ಸುಮ್ಮನಾದಳು. ಅವನು ಬೇಡವಾಗಿರಲಿಲ್ಲ ಅವಳಿಗೆ. ಅದೇ ದೊಡ್ಡ ಸಂಕಟ.

ಮರುದಿನ ಮಧ್ಯಾಹ್ನ ಔಷಧಿ ಅಂಗಡಿಯ ಕೌಂಟರಿನ ಮುಂದೆ ಅವನು ನಿಂತಿದ್ದ. ಕಣ್ಣು ಕೆಂಪಗಾಗಿದ್ದವು.

"ಏನು ಬೇಕ್ರಿ?" ಬೇರೆ ಗಿರಾಕಿಗೆ ಕೇಳುವಂತೆಯೇ ಕೇಳಿದಳು.

"ಅವ್ವಗ ಹೇಳಿದ್ನ್ರಿ. ನಿಮ್ಮ ಹೊದಿಕಿ ಬಿಚ್ಚಿದ್ದು, ಆಕಿ ಹೆಣದದ್ದೆಲ್ಲಾ ಇಷ್ಟು ದಿನ ಬಿಚ್ಚಿದ್ದು... ಎಲ್ಲಾ."

ಕಾವೇರಿಯ ಕೈಯಲ್ಲಿದ್ದ ಮಾತ್ರೆಯ ಪಟ್ಟಿ ಅಲ್ಲೇ ನಿಂತಿತು. "ಏನಂದ್ರು?"

"ಭಾಳ ಅತ್ಲು. 'ನನ್ನ ಕೈ ತಪ್ಪಾಕತ್ತೇತಿ ಅಂತ ನನಗೊಬ್ಬಾಕಿಗೆ ಹೇಳಲಿಲ್ಲಲ್ಲೋ! ಹೇಳಿದ್ರ ದಪ್ಪ ದಾರ ತಗೊಂಡು, ಬೆರಳಿಲೆ ತಡವಿ ಹೆಣಿಯೂದು ಕಲೀತಿದ್ನಿ. ನೀ ನನಗ ಕಲಿಯಾಕ ಬಿಡಲಿಲ್ಲ' ಅಂದ್ಲು." ಅವನು ಕೌಂಟರಿನ ಮೇಲೆ ಕೈಯೂರಿದ. "ನೋವಾಗಬಾರದು ಅಂತ ಮಾಡೇನ್ರಿ. ನಿಮ್ಮಿಬ್ಬರಿಗೂ ನಾನೇ ನೋವು ಮಾಡಿದ್ನಿ."

"ತೋರಣದ ಸುಳ್ಳು?"

"ಅದನ್ನ ಹೇಳಿಲ್ರಿ. ಅದು ನಿಮ್ಮ ಮಾತು. ನಾ ಹೆಂಗ ಹೇಳಲಿ?"

ಕಾವೇರಿ ಅವನನ್ನು ನೋಡಿದಳು. ಇನ್ನೊಬ್ಬರದನ್ನು ಮುಟ್ಟದೆ ಬಿಡುವುದನ್ನು ಈ ಮನುಷ್ಯ ಒಂದೇ ದಿನದಲ್ಲಿ ಕಲಿತಿದ್ದ. ಅವಳ ಸಿಟ್ಟು ಕರಗತೊಡಗಿತು.

"ಅವ್ವ ನಿಮ್ಮನ್ನ ಕರಕೊಂಡು ಬಾ ಅಂದಾಳ. ನಿಶ್ಚಯ ಇರಲಿ, ಬಿಡಲಿ... ಒಮ್ಮೆ ಬರ್ರಿ."

ಸಂಜೆ ಶೇವಂತೆವ್ವನ ಪಕ್ಕ ಕುಳಿತು ಕಾವೇರಿ ಎಲ್ಲವನ್ನೂ ಹೇಳಿದಳು. ಎರವಲು ತೋರಣ, ಸೋದರತ್ತೆಯ ಚಿವುಟು, 'ನಾನೇ ಹೆಣದೇನಿ' ಎಂದದ್ದು. ಹೇಳಿ ಮುಗಿಸಿ, ಬೈಗುಳಕ್ಕಾಗಿ ಕಾದಳು.

ಮುದುಕಿ ಸೆರಗು ಬಾಯಿಗಿಟ್ಟುಕೊಂಡು ನಗಲು ಶುರು ಮಾಡಿದಳು!

"ನನ್ನ ನೋಡಾಕ ಬಂದಾಗ ನಮ್ಮವ್ವ ನೆರಮನಿ ಎಮ್ಮಿ ತಂದು ನಮ್ಮ ಅಂಗಳದಾಗ ಕಟ್ಟಿದ್ಲವ್ವಾ! ಹಿಂಡು ಅಂದ್ರು. ಅದು ಒದ್ದು ಕೆಡವಿತು!" ಆಮೇಲೆ ಅವಳ ಕೈ ಹಿಡಿದುಕೊಂಡಳು. "ನಿನಗ ಬರಂಗಿಲ್ಲ, ನನಗ ಕಾಣಂಗಿಲ್ಲ. ಇಬ್ಬರೂ ಕೂಡೇ ಹೊಸದಾಗಿ ಕಲಿಯೂಣು. ನಡಿ, ದಪ್ಪ ದಾರ ತಗಿ."

ಅತ್ತೆ ಬೆರಳಿನಿಂದ ಕುಣಿಕೆ ತಡವುವಳು, ಸೊಸೆಯಾಗುವವಳು ಸೂಜಿ ತೂರಿಸುವಳು. ಮಾಳಿಂಗರಾಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಮೂರನೆಯ ಸಾಲಿನ ಕೊನೆಯಲ್ಲಿ ಒಂದು ಕುಣಿಕೆ ತಪ್ಪಿತು. ಅವನ ಕೈ ತಾನಾಗಿಯೇ ಮುಂದೆ ಬಂತು... ಅಲ್ಲೇ ನಿಂತಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಕಾವೇರಿ ಅದನ್ನು ಕಂಡಳು. ನಗು ತಡೆಯಲಾಗಲಿಲ್ಲ.

"ಏನರ ಹೇಳೂದೈತೇನ್ರಿ?"

"ಕೇಳಿದ್ರ ಹೇಳ್ತೇನಿ. ಕೇಳಲಿಲ್ಲಂದ್ರ ಮುಟ್ಟಂಗಿಲ್ಲ."

"ಕೇಳಾಕತ್ತೇನಿ. ಹೇಳ್ರಿ."

ಅವನು ಹೆಣಿಗೆಯನ್ನು ನೋಡಲಿಲ್ಲ. ಅವಳನ್ನೇ ನೋಡಿದ. "ನಿಮ್ಮ ಮ್ಯಾಲೆ ನನಗ ಭಾಳ ಜೀವರಿ."

ಕಾವೇರಿಯ ಕೈಯಿಂದ ಸೂಜಿ ಜಾರಿತು.

"ಮಂಜಾಗಿದ್ದು ನನ್ನ ಕಣ್ಣು, ಕಿವಿಯಲ್ಲಪಾ!" ಎನ್ನುತ್ತಾ ಶೇವಂತೆವ್ವ ನಗುತ್ತಾ ಎದ್ದು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ನಡೆದಳು.

"ನನಗೂ ರಿ..." ಎಂದಳು ಕಾವೇರಿ, ತಲೆ ತಗ್ಗಿಸಿ, ಅವನಿಗಷ್ಟೇ ಕೇಳುವಂತೆ. "ಆದ್ರ ನಾ ಇನ್ನೂ ಸೊಟ್ಟನೇ ಹೆಣಿತೇನಿ."

"ಹೆಣೀರಿ. ನಾ ತಾಟು ಹಿಡಕೊಂಡು ನಿಂದರ್ತೇನಿ. ನಿಶ್ಚಯಕ್ಕ ಬರ್ಲೇನ್ರಿ?"

"ಬರ್ರಿ," ಎಂದಳು ಅವಳು. "ಲಗೂನ ಬರ್ರಿ."