ಏಳನೇ ನಂಬರ್ ಕೋಣೆಯ ಅಳು

ಏಳನೇ ನಂಬರ್ ಕೋಣೆಯಲ್ಲಿ ಯಾರೋ ಅಳುತ್ತಿದ್ದರು.

ಉಮಾ ವರಾಂಡದಲ್ಲೇ ನಿಂತಳು. ಬಾಗಿಲು ಹಾರು ಹೊಡೆದು ತೆರೆದಿತ್ತು, ಒಳಗೆ ಮುರಿದ ಬೆಂಚುಗಳ ಹೊರತು ಯಾರೂ ಇರಲಿಲ್ಲ. ಅಳು ಬರುತ್ತಿದ್ದದ್ದು ಮೇಲಿನಿಂದ, ಗೋಡೆಗೆ ಹೊಡೆದಿದ್ದ ಹಳೆಯ ಸ್ಪೀಕರ್ ಡಬ್ಬಿಯಿಂದ. ಹೆಣ್ಣಿನ ಅಳು. ಬಾಯಿಗೆ ಸೆರಗು ಒತ್ತಿಕೊಂಡು, ಯಾರಿಗೂ ಕೇಳಿಸಬಾರದೆಂದು ಅಳುವವರ ಅಳು. ನಡುವೆ ಒಂದು ಮಾತು ಬರಲು ನೋಡಿ ಗಂಟಲಲ್ಲೇ ನಿಲ್ಲುತ್ತಿತ್ತು.

ಮಟಮಟ ಮಧ್ಯಾಹ್ನ. ಮೈಕ್ ಆಫ್ ಮಾಡಿ ಬಂದವಳು ಅವಳೇ, ಮೈಕ್ ಕೋಣೆಯ ಕೀಲಿ ಅವಳ ಕೈಯಲ್ಲೇ ಇತ್ತು. ಅಂದ ಮೇಲೆ ಡಬ್ಬಿಯೊಳಗೆ ಯಾರು ಅಳಬೇಕು?

ಸುರಪುರದ ಗುಡ್ಡದ ಬುಡದಲ್ಲಿರುವ ಆ ಕಾಲೇಜು ಬಹಳ ಸಣ್ಣದು. ಸ್ಟಾಫ್ ರೂಮಿನಲ್ಲಿ ಯಾರಾದರೂ ಸೀನಿದರೆ ಗೇಟಿನಲ್ಲಿ ಕೂತ ಜವಾನ ಹಸನಸಾಬ ತಿರುಗಿ ನೋಡುತ್ತಿದ್ದ. ಗುಡ್ಡದ ಮರೆಗೆ ಫೋನಿನ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೀಗಾಗಿ ಪ್ರಿನ್ಸಿಪಾಲರು ಹಳೆಯ ಪದ್ಧತಿ ಬಿಟ್ಟಿರಲಿಲ್ಲ. ದಿನಾ ಊಟದ ಬಿಡುವಿಗೆ ಮುಂಚೆ ಮೈಕಿನಲ್ಲಿ ಕಾಲೇಜಿನ ಸುದ್ದಿ. ಸ್ಕಾಲರ್‌ಶಿಪ್ ಅರ್ಜಿಗೆ ಕೊನೆಯ ದಿನ ಯಾವುದು, ದೇವಾಪುರದ ಎನ್‌ಎಸ್‌ಎಸ್ ಕ್ಯಾಂಪಿಗೆ ಹಾಸಿಗೆ ತರಬೇಕೋ ಬೇಡವೋ, ಲೈಬ್ರರಿ ಮುಂದೆ ಸಿಕ್ಕ ಒಂಟಿ ಚಪ್ಪಲಿ ಯಾರದು, ಎಲ್ಲವನ್ನೂ ಕನ್ನಡ ಕಲಿಸುವ ಉಮಾ ಓದುತ್ತಿದ್ದಳು. ಆ ದನಿಯನ್ನು ಕೋಣೆ ಕೋಣೆಗೆ ಮುಟ್ಟಿಸುವ ವೈರು, ಡಬ್ಬಿಗಳ ಉಸಾಬರಿ ಫಿಸಿಕ್ಸ್ ಕಲಿಸುವ ಸಂಗಮನಾಥನದು.

ಅವಳು ಓದಿ ಮುಗಿಸುವ ಹೊತ್ತಿಗೆ ಅವನು ದಿನಾ ಮೈಕ್ ಕೋಣೆಯ ಬಾಗಿಲಲ್ಲಿ ಇರುತ್ತಿದ್ದ. ಕೈಯಲ್ಲಿ ಟೆಸ್ಟರ್ ಹಿಡಿದಿರುತ್ತಿದ್ದ, ನೆಪಕ್ಕೆ. ಅಂದು ಅವಳು ತಿರುಗಿ ಬಂದಾಗಲೂ ಅಲ್ಲೇ ಇದ್ದ.

"ಏಳನೇ ನಂಬರಿನ ಸ್ಪೀಕರ್ ಅಳಾಕತ್ತದ್ರಿ, ಸರ್," ಅಂದಳು ಉಮಾ.

"ರವಿವಾರ ನಿಮ್ಮ ದನಿ ಕೇಳಲಿಲ್ಲಂದ್ರ ನನಗೂ ಅಳು ಬರ್ತದ್ರಿ, ಮೇಡಂ. ಅದಕ್ಕೂ ಹಂಗ ಆಗಿರಬೇಕು."

"ಚ್ಯಾಷ್ಟಿ ಬ್ಯಾಡ್ರಿ. ಖರೇನ ಕೇಳೀನಿ."

ಅವನು ಅವಳನ್ನು ನೋಡಿದ. ಮೊದಲು ಕಣ್ಣು, ಆಮೇಲೆ ಕಿವಿಯ ಹಿಂದೆ ಸಿಕ್ಕಿಸಿಕೊಂಡು ಮರೆತಿದ್ದ ಪೆನ್ನು, ಮತ್ತೆ ಕಣ್ಣು. ಉಮಾ ಪೆನ್ನು ತೆಗೆದು ಬ್ಯಾಗಿಗೆ ಹಾಕಿಕೊಂಡಳು. ಕಣ್ಣನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ಶನಿವಾರ ನಿಚ್ಚಣಿಕಿ ಹಚ್ಚಿ ನೋಡ್ತೀನಿ," ಅಂದ ಅವನು. ಆಮೇಲೆ ದನಿ ತಗ್ಗಿಸಿ, "ನಾ ಕೇಳಿದ್ದಕ್ಕ ಇನ್ನೂ ಏನೂ ಹೇಳಲಿಲ್ಲ ನೀವು," ಅಂದ.

"ಹೇಳೀನಲ್ರಿ. ನಿಮ್ಮ ಅವ್ವ ನಮ್ಮ ಮನಿ ನೀರು ಕುಡದ ದಿನ ಕೇಳ್ರಿ."

ಅದು ಸುಮ್ಮನೆ ಆಡಿದ ಮಾತಲ್ಲ. ಉಮಾಳದು ಕೃಷ್ಣೆಯ ದಂಡೆಯ ಮನೆ, ಅಪ್ಪ ಬಲೆ ಬೀಸಿ ಅವಳನ್ನು ಓದಿಸಿದವನು. ಸಂಗಮನಾಥನ ತಾಯಿ ಚಂದಮ್ಮ ಶಿರವಾಳದಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡ ವಿಧವೆ, ಲಿಂಗಪೂಜೆ ಆಗದೆ ಬಾಯಿಗೆ ಹನಿ ಹಾಕದ ಹೆಂಗಸು. ಹೋದ ವರ್ಷ ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆ ಬಂದಿದ್ದಾಗ ಉಮಾ ನೀರಿನ ಗ್ಲಾಸು ಕೊಟ್ಟಿದ್ದಳು. ಚಂದಮ್ಮ ನಗುತ್ತಾ ಈಸಿಕೊಂಡು, ಊರು ಯಾವುದು, ಯಾರ ಮಗಳು ಎಂದು ಕೇಳಿ, ಗ್ಲಾಸನ್ನು ಕಿಟಕಿಯಲ್ಲಿಟ್ಟು, "ಮನ್ಯಾಗ ಕುಡದು ಬಂದೀನವ್ವ," ಅಂದಿದ್ದಳು. ಕಾರ್ಯಕ್ರಮ ಮುಗಿಯುವ ತನಕ ಗ್ಲಾಸು ತುಂಬಿದಂತೆಯೇ ಇತ್ತು. ಕೊನೆಗೆ ಉಮಾ ತಾನೇ ಅದನ್ನು ಬೇವಿನ ಮರದ ಬುಡಕ್ಕೆ ಸುರುವಿದ್ದಳು. ಆ ಉರಿ ಇನ್ನೂ ಆರಿರಲಿಲ್ಲ.

ಶನಿವಾರ ಸಂಗಮನಾಥ ನಿಚ್ಚಣಿಕೆ ಹತ್ತಿ ಡಬ್ಬಿ ಬಿಚ್ಚಿದ. ಒಳಗೆ ಒಣಗಿದ ಕಣಜದ ಗೂಡು ಮಾತ್ರ ಇತ್ತು. ವೈರು ಎಂದೋ ಇಲಿ ತಿಂದು ಹೋಗಿತ್ತು, ಗೋಡೆಯಲ್ಲಿ ಅದರ ತೂತಷ್ಟೇ ಉಳಿದಿತ್ತು.

"ಇದಕ್ಕ ಜೀವ ಇಲ್ರಿ ಮೇಡಂ. ಇದು ಅಳೂದ ಸಾಧ್ಯ ಇಲ್ಲ."

"ಹಂಗಾದ್ರ ನಾ ಸುಳ್ಳ ಹೇಳೀನೇನು?"

"ನಿಮಗ ಸುಳ್ಳ ಹೇಳಾಕ ಬರೂದಿಲ್ಲ. ಖರೇನೂ ಹೇಳೂದಿಲ್ಲ, ಅಷ್ಟ."

ಅವನು ನಗುತ್ತಾ ಅಂಗಳಕ್ಕೆ ಇಳಿದ. ಆಗಲೇ ಬೇವಿನ ಮರದಿಂದ ಕಾಗೆಯೊಂದು ಸದ್ದಿಲ್ಲದೆ ಇಳಿದು ಬಂದು ಅವನ ನೆತ್ತಿಯನ್ನು ಉಗುರಿನಿಂದ ಮುಟ್ಟಿ ಹೋಯಿತು. ಕೂಗಲಿಲ್ಲ, ರೆಕ್ಕೆಯೂ ಸಪ್ಪಳ ಮಾಡಲಿಲ್ಲ. ಸಂಗಮನಾಥ ತಲೆ ಸವರಿಕೊಂಡು ಇನ್ನಷ್ಟು ನಕ್ಕ. ಉಮಾಳಿಗೂ ನಗು ಬಂತು.

ಗೇಟಿನಲ್ಲಿದ್ದ ಹಸನಸಾಬ ಎದ್ದು ನಿಂತಿದ್ದ. "ನಗಬ್ಯಾಡ್ರಿ ಸರ್. ಕಾಗಿ ತಲಿ ಮುಟ್ಟಿದ್ದು ಛಲೋ ಅಲ್ಲ. ಮನ್ಯಾಗ ಹಿರೇರಿಗೆ ಹೇಳ್ರಿ, ಅವರು ಏನರ ಮಾಡ್ತಾರ."

"ನನಗ ಇದರಾಗ ನಂಬಿಕಿ ಇಲ್ಲ, ಹಸನಸಾಬ. ಅವ್ವಗ ಹೇಳಿದ್ರ ಸುಮ್ಮನ ಅಂಜ್ತಾಳ."

ಕಾಗೆ ಹಾರಿ ಹೋಗಿ ಮೈಕ್ ಕೋಣೆಯ ಕಿಟಕಿಯ ಸರಳಿನ ಮೇಲೆ ಕೂತು ಒಳಗೆ ನೋಡುತ್ತಿತ್ತು. ಉಮಾ ಅದನ್ನು ಓಡಿಸಲು ನೋಡಿದಳು. ಅದು ಪಕ್ಕದ ಸರಳಿಗೆ ಸರಿಯಿತು.

ಸೋಮವಾರ ಸಂಗಮನಾಥ ಬರಲಿಲ್ಲ. ಬರದಿದ್ದರೆ ಹೇಳಿ ಕಳಿಸುವ ಮನುಷ್ಯ. ಉಮಾ ಫೋನ್ ಮಾಡಿದಳು, ಸ್ವಿಚ್ ಆಫ್. ಟೆರೇಸ್ ಹತ್ತಿ ಮತ್ತೆ ಮಾಡಿದಳು, ಸ್ವಿಚ್ ಆಫ್. ಕಿಟಕಿಯ ಸರಳಿನ ಮೇಲೆ ಕಾಗೆ ಬೆಳಿಗ್ಗೆಯೇ ಬಂದು ಕೂತಿತ್ತು.

ಸುದ್ದಿ ಓದುವ ಹೊತ್ತಿಗೆ ಹಸನಸಾಬ ಒಳಗೆ ಬಂದ. ಅವಳ ಮುಖ ನೋಡದೆ ಗೋಡೆ ನೋಡುತ್ತಾ ಹೇಳಿದ.

"ಶಿರವಾಳದಿಂದ ಆಳು ಬಂದಿತ್ರಿ. ಸಂಗಮನಾಥ ಸರ್ ಹೋಗಿಬಿಟ್ರಂತ. ಬೆಳಿಗ್ಗೆ ಎದಿ ಹಿಡಕೊಂಡ್ರಂತ. ಮೈಕಿನ್ಯಾಗ ಹೇಳ್ರಿ ಅಂತ ಪ್ರಿನ್ಸಿಪಾಲ್ ಸಾಹೇಬ್ರು ಹೇಳ್ಯಾರ."

ಉಮಾಳ ಕೈ ತಾನಾಗಿ ಹೋಗಿ ಮೈಕ್ ಆನ್ ಮಾಡಿತು. ದಿನಾ ಮಾಡುವ ಕೆಲಸ, ಕೈಗೆ ರೂಢಿ ಇತ್ತು.

"ಗಮನಿಸಿ. ಇಂದಿನ ಸುದ್ದಿ. ನಮ್ಮ ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕರಾದ ಶ್ರೀ ಸಂಗ..."

ಅಲ್ಲಿಗೆ ನಿಂತಿತು. ಮತ್ತೊಮ್ಮೆ ಪ್ರಯತ್ನಿಸಿದಳು. ಹೆಸರು ಗಂಟಲಲ್ಲೇ ಸಿಕ್ಕಿಕೊಂಡಿತು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಮೈಕ್ ಆನ್ ಇದೆ ಎನ್ನುವುದನ್ನು ಮರೆತು ಅತ್ತಳು. ಇಡೀ ಕಾಲೇಜು ಕೇಳಿತು. ಬೆಂಚು ಸರಿಸುವ ಸದ್ದು ಕೂಡ ಎಲ್ಲೂ ಬರಲಿಲ್ಲ. ಹಸನಸಾಬ ಬಂದು ಮೈಕ್ ಆಫ್ ಮಾಡಿ ತಲೆ ತಗ್ಗಿಸಿ ಹೊರಗೆ ಹೋದ.

ಯಾರ ಮುಖವನ್ನೂ ನೋಡಲಾಗದೆ ಉಮಾ ವರಾಂಡದಲ್ಲಿ ನಡೆದಳು. ಮರೆ ಸಿಕ್ಕಿದ್ದು ಏಳನೇ ನಂಬರ್ ಕೋಣೆ.

ಒಳಗೆ ಸ್ಪೀಕರ್ ಅಳುತ್ತಿತ್ತು.

ಈಗ ಅವಳಿಗೆ ಗುರುತು ಸಿಕ್ಕಿತು. ಅದೇ ಬಿಕ್ಕು, ಅದೇ ಸೆರಗಿನ ಮರೆ, ಗಂಟಲಲ್ಲಿ ನಿಂತ ಅದೇ ಅರ್ಧ ಹೆಸರು. ವಾರದ ಹಿಂದೆ ಕೇಳಿದ್ದು ತನ್ನದೇ ಅಳು. ವೈರಿಲ್ಲದ ಡಬ್ಬಿ ಮೊದಲೇ ಸುದ್ದಿ ಮುಟ್ಟಿಸಿತ್ತು. ಅವಳು ಅದನ್ನು ಕೇಳಿಯೂ ಅವನೊಡನೆ ನಗುತ್ತಾ ನಿಂತಿದ್ದಳು.

ಅಳು ನಿಂತಿತು. ಹಿಂದೆ ಯಾರೋ ನಿಂತಂತಾಗಿ ತಿರುಗಿದಳು.

ಬಾಗಿಲಲ್ಲಿ ಸಂಗಮನಾಥ. ಬಿಳಿ ಪಂಚೆ, ಬಿಳಿ ಶಲ್ಯ, ಹಣೆ ಎದೆ ತೋಳಿನ ತುಂಬ ವಿಭೂತಿ. ಅವರಲ್ಲಿ ಸತ್ತವರನ್ನು ಮಣ್ಣಿಗೆ ಒಯ್ಯುವ ಮುನ್ನ ಹೀಗೇ ಸಿಂಗರಿಸಿ ಕೂಡಿಸುತ್ತಾರೆ.

"ಅಲ್ಲೇ ನಿಲ್ರಿ," ಅಂದಳು ಉಮಾ. "ನನಗ ಅಂಜಿಕಿ ಇಲ್ಲ. ಹತ್ರ ಬಂದ್ರ ಮಾಯ ಆಗಿಬಿಡ್ತೀರಿ ಅಂತ ಹೇಳಾಕತ್ತೀನಿ. ಎರಡು ಮಾತು ಕೇಳಿ ಹೋಗ್ರಿ."

"ಉಮಾ..." ಅಂದ ಅವನು. ಮೇಡಂ ಇಲ್ಲದೆ ಅವಳ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು.

"ನೀರಿನ ಮಾತು ನೆಪಾ ಇತ್ತು. ನಿಮ್ಮ ಅವ್ವ ಕುಡದ್ರೂ, ಬಿಟ್ರೂ, ನಾ ಎಂದೋ ಹೌದು ಅಂದಿದ್ದೆ, ಮನಸಿನ್ಯಾಗ. ದಿನಾ ಮೈಕಿನ್ಯಾಗ ಎಲ್ಲಾರ ಸುದ್ದಿ ಹೇಳಾಕಿ, ನನ್ನದೊಂದು ಸುದ್ದಿ ಹೇಳಲಿಲ್ಲ. ಈಗ ಹೇಳೀನಿ. ಹೋಗ್ರಿ."

ಅವನು ಹೋಗಲಿಲ್ಲ. ಹೊಸ್ತಿಲು ದಾಟಿ ಬಂದು ಅವಳ ಕೈ ಹಿಡಿದ. ಕೈ ಬಿಸಿಯಾಗಿತ್ತು, ಬೆವೆತಿತ್ತು. ಮೊಣಕೈ ತರಚಿ ರಕ್ತ ಬರುತ್ತಿತ್ತು. ಉಮಾ ಆ ರಕ್ತವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಅವನ ತೋಳು ಜೋರಾಗಿ ಚಿವುಟಿದಳು.

"ಯಪ್ಪಾ," ಅಂದ ಅವನು. "ಜೀವಂತ ಇದ್ದೀನಿ. ನನಗ ಏನೂ ಗೊತ್ತಿದ್ದಿಲ್ಲ. ನಸುಕಿನ್ಯಾಗ ಊರ ಗುಡಿಗೆ ಒಯ್ದು, ಪೂಜಿ ಮಾಡಿಸಿ, ಫೋನ್ ಕಸಗೊಂಡು, ಅವ್ವ ಆಟೋದಾಗ ಕೂಡಿಸಿಕೊಂಡು ಬಂದಾಳ. ಕಾಂಪೌಂಡಿನ ಹಿಂದ ಕುಂತಾಗ ನಿಮ್ಮ ದನಿ ಕೇಳ್ತು. ಗ್ವಾಡಿ ಜಿಗದು ಬಂದೆ."

ಅಷ್ಟರಲ್ಲಿ ಚಂದಮ್ಮ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದಳು. ಸೆರಗಿನ ಗಂಟು ಬಿಚ್ಚಿ ಬೆಲ್ಲದ ಚೂರು ತೆಗೆದು ಹಿಡಿದಳು.

"ಸಿಟ್ಟಾಗಬ್ಯಾಡವ್ವ. ಕಾಗಿ ಮುಟ್ಟಿದ ಸುದ್ದಿ ಹಸನಸಾಬ ಫೋನ್ ಮಾಡಿ ಹೇಳಿದ. ಕಾಗಿ ಮುಟ್ಟಿದ್ರ ಸತ್ತಾನಂತ ಸುಳ್ಳ ಖಬರ್ ಕಳಸಬೇಕು, ಅದನ್ನ ನಂಬಿ ಯಾರರ ಅಳಬೇಕು. ಆ ಅಳುವಿನಾಗ ಗಂಡಾಂತರ ಹೋಗ್ತದ. ಇವರಪ್ಪಗೂ ಹಿಂಗ ಮುಟ್ಟಿತ್ತು. ಬಳಗಕ್ಕ ಖಬರ್ ಕಳಸಿದೆ. ಈಗಿನ ಮಂದಿ ಮೊದಲು ಫೋನ್ ಹಚ್ಚಿ ಕೇಳ್ತಾರ, ಆಮ್ಯಾಲ ಅಳ್ತಾರ. ಸುಳ್ಳಂತ ಗೊತ್ತಾಗಿ ಎಲ್ಲಾರೂ ನಕ್ರು. ಒಬ್ಬರೂ ಅಳಲಿಲ್ಲ." ಆಮೇಲೆ ಮೆಲ್ಲಗೆ, "ಹದಿನೈದು ದಿನ ಉಳೀಲಿಲ್ಲ ಅವರು," ಅಂದಳು.

"ಅದಕ್ಕ ನನ್ನ ಕಡೆ ಕಳಸಿದ್ರಿ," ಅಂದಳು ಉಮಾ.

"ನನ್ನ ಮಗನ ಸಲುವಾಗಿ ಖರೇ ಅಳೂ ಜೀವ ನಿನ್ನ ಬಿಟ್ರ ಯಾರೂ ನೆನಪಿಗೆ ಬರಲಿಲ್ಲವ್ವ."

ಉಮಾಳಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಕೈಯಾಗಿನ ನೀರು ಬ್ಯಾಡಾಗಿತ್ತು ನಿಮಗ. ಕಣ್ಣಾಗಿನ ನೀರು ಹ್ಯಾಂಗ ನಡೀತದ್ರಿ?"

ಸಂಗಮನಾಥ ಏನೋ ಹೇಳಲು ಹೋದ. ಚಂದಮ್ಮ ಕೈ ಎತ್ತಿ ಅವನನ್ನು ಸುಮ್ಮನಿರಿಸಿದಳು. ಉಮಾಳ ಮುಖ ನೋಡಿದಳು.

"ಬಾಯಿ ಒಣಗ್ಯದ," ಅಂದಳು. "ಕುಡಿಯಾಕ ನೀರು ಕೊಡವ್ವ."

ಉಮಾ ಬ್ಯಾಗಿನಿಂದ ಸ್ಟೀಲ್ ಬಾಟಲಿ ತೆಗೆದಳು. "ಹೊಳಿ ನೀರು ಅದಾವ. ನಮ್ಮ ಮನೀವು."

"ತಾ ಇಲ್ಲಿ."

ಚಂದಮ್ಮ ಎತ್ತಿ ಕುಡಿಯಲಿಲ್ಲ. ಬಾಟಲಿಗೆ ತುಟಿ ಹಚ್ಚಿ, ಕಚ್ಚಿಯೇ ಕುಡಿದಳು, ಅರ್ಧ ಖಾಲಿಯಾಗುವ ತನಕ. ಆಮೇಲೆ ಅದೇ ಕೈಯಿಂದ ಬೆಲ್ಲವನ್ನು ಉಮಾಳ ಬಾಯಿಗೆ ಇಟ್ಟಳು. ಉಮಾ ಬೇಡವೆನ್ನಲಿಲ್ಲ. ಬೆಲ್ಲದ ಜೊತೆ ಕಣ್ಣೀರಿನ ಉಪ್ಪೂ ಬಾಯಿಗೆ ಬಂತು.

ಹಸನಸಾಬ ಬಾಗಿಲಲ್ಲಿ ಕೆಮ್ಮಿದ. "ಹುಡುಗರು ಹೂವಿನ ಹಾರಕ್ಕ ರೊಕ್ಕದ ಪಟ್ಟಿ ಎತ್ತಾಕತ್ತಾರ್ರಿ ಮೇಡಂ. ಪ್ರಿನ್ಸಿಪಾಲ್ ಸಾಹೇಬ್ರು ತಲಿ ಹಿಡಕೊಂಡು ಕುಂತಾರ. ಸುದ್ದಿ ವಾಪಸ್ ತಗೋಬೇಕಲ್ರಿ."

"ಹೇಳಿದ ಬಾಯಿಂದನ ವಾಪಸ್ ತಗೋಬೇಕು," ಅಂದಳು ಚಂದಮ್ಮ. "ಅದೂ ಪದ್ಧತಿ ಅದ."

ಮೈಕ್ ಕೋಣೆಯ ಕಿಟಕಿಯಲ್ಲಿ ಕಾಗೆ ಇರಲಿಲ್ಲ. ಉಮಾ ಮುಖ ಒರೆಸಿಕೊಂಡು ಕೂತಳು. ಸಂಗಮನಾಥ ಬಾಗಿಲಲ್ಲಿ ತನ್ನ ಜಾಗದಲ್ಲಿ ನಿಂತ, ಈ ಸಲ ಟೆಸ್ಟರ್ ಇಲ್ಲದೆ.

"ಗಮನಿಸಿ. ಸ್ವಲ್ಪ ಹೊತ್ತಿನ ಮುಂಚೆ ಓದಿದ ಸುದ್ದಿ ರದ್ದಾಗಿದೆ. ಸಂಗಮನಾಥ ಸರ್ ಆರೋಗ್ಯವಾಗಿದ್ದಾರೆ. ನಾಳೆ ಅವರ ಪ್ರಾಕ್ಟಿಕಲ್ ಇದೆ, ಯಾರೂ ತಪ್ಪಿಸಬಾರದು." ಕೋಣೆ ಕೋಣೆಯಿಂದ ಕೇಕೆ ಎದ್ದಿತು. ಅದು ಅಡಗುವ ತನಕ ಕಾದಳು. "ಮುಂದಿನ ಕಾರ್ಯಕ್ರಮಗಳು. ಕಬಡ್ಡಿ ಸೆಲೆಕ್ಷನ್ ಗುರುವಾರ. ದೇವಾಪುರದ ಕ್ಯಾಂಪಿಗೆ ಹಾಸಿಗೆ ತರಬೇಕು. ಬರುವ ಸೋಮವಾರ ಶಿರವಾಳದ ಚಂದಮ್ಮನವರು ಹೊಳೆ ದಂಡೆಯ ನಮ್ಮ ಮನೆಗೆ ಬರುತ್ತಾರೆ. ಅಂದು ಸುದ್ದಿ ಓದುವವರಿಗೆ ರಜೆ."

ಮೈಕ್ ಆಫ್ ಮಾಡಿ ಅವನ ಕಡೆ ತಿರುಗಿದಳು. ಅವನು ಅವಳ ಕಣ್ಣು ಮಾತ್ರ ನೋಡುತ್ತಿದ್ದ.

ಸಂಜೆ ಗೇಟಿನ ಕಡೆ ಹೊರಟಾಗ ಇಬ್ಬರೂ ಏಳನೇ ನಂಬರಿನ ಮುಂದೆ ನಿಂತರು. ಬಾಗಿಲಿಗೆ ಬೀಗ ಬಿದ್ದಿತ್ತು. ಒಳಗಿನಿಂದ ಸಣ್ಣಗೆ ದನಿ ಬರುತ್ತಿತ್ತು. ಹೆಣ್ಣಿನದಲ್ಲ. ಆಗಷ್ಟೇ ಹುಟ್ಟಿದ ಹಸುಗೂಸು ಹಸಿದು ಅಳುವ ದನಿ.

ಸಂಗಮನಾಥನ ಮುಖದ ವಿಭೂತಿಯೂ ಬಣ್ಣಗೆಟ್ಟಂತಾಯಿತು. ಅವನಿಗೆ ಕೇಳಿಸಿದ್ದು ಇದೇ ಮೊದಲು. "ನಾಳೆ ಆ ಡಬ್ಬಿ ಕಿತ್ತು ಒಗೀತೀನಿ," ಅಂದ.

ಉಮಾ ಕಿವಿಗೊಟ್ಟು ಕೇಳಿದಳು. ಕೆನ್ನೆ ಬಿಸಿಯಾಯಿತು. ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡು ನಡೆದಳು.

"ಇರ್ಲಿ ಬಿಡ್ರಿ. ಈ ಕಾಲೇಜಿನ್ಯಾಗ ಇಲ್ಲಿತನಕ ಒಂದೂ ಸುಳ್ಳ ಸುದ್ದಿ ಹೇಳಲಾರದ್ದು ಅದೊಂದ."