ಅರುಣ್ ಕುಮಾರನ ಎರಡು ರಕ್ತ

ಮನುಷ್ಯನ ರಕ್ತದ ಗುಂಪು ಆರು ತಿಂಗಳಿಗೊಮ್ಮೆ ಬದಲಾಗುವುದಿಲ್ಲ ಎಂಬುದು ಹುಲುಗೇಶನಿಗೂ ಗೊತ್ತಿತ್ತು. ಬ್ಯಾಂಕಿನ ಕೆಲಸದಿಂದ ನಿವೃತ್ತನಾದವನಿಗೆ ವೈದ್ಯಶಾಸ್ತ್ರ ಅಷ್ಟು ತಿಳಿದಿದ್ದರೆ ಧಾರಾಳವಾಯಿತು. ಬದಲಾಗಬಾರದ್ದು ಬದಲಾದರೆ ಅದರ ತಪ್ಪು ತನ್ನ ಅಕ್ಕನ ಮಗಳು ಸಮತಾಳ ತಲೆಗೇ ಏಕೆ ಬರಬೇಕು ಎಂಬುದು ಮಾತ್ರ ಅವನಿಗೆ ತಿಳಿಯಲಿಲ್ಲ. ಅದಕ್ಕೇ ಶುಕ್ರವಾರ ಬೆಳಿಗ್ಗೆ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಗಾದಿಲಿಂಗಪ್ಪನ ಮನೆಗೆ ಬಂದ. ಹೊರಡುವ ಗಡಿಬಿಡಿಯಲ್ಲಿ ಹೆಂಡತಿ ಅಂಗಿಯ ಜೇಬಿಗೆ ತುರುಕಿದ ಬಿ.ಪಿ. ಮಾತ್ರೆ ಜೇಬಿನಲ್ಲೇ ಉಳಿಯಿತು. ಅದು ಹಾಗೆ ಉಳಿಯುವುದು ಹೊಸದೇನಲ್ಲ.

ಗಾದಿಲಿಂಗಪ್ಪ ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿದು ಕೊಟ್ಟೂರಿಗೆ ಮರಳಿದವನು. ಕುರಿ ಕಳೆದರೂ ಬಂಗಾರ ಕಳೆದರೂ ಸುತ್ತಲಿನ ಜನ ಠಾಣೆಗೆ ಹೋಗುವ ಮೊದಲು ಅವನ ಮನೆಗೆ ಬರುತ್ತಿದ್ದರು. ಅವನು ಶೇಂಗಾ ಸುಲಿಯುತ್ತ ಕೇಳುತ್ತಿದ್ದ. ಸುಲಿಯುವುದು ನಿಂತಿತೆಂದರೆ ಏನೋ ಹೊಳೆದಿದೆ ಎಂದು ಹುಲುಗೇಶ ಬಲ್ಲ.

"ಅಳೂದು ಆಮ್ಯಾಲ. ಮೊದ್ಲು ಏನಾತು ಅದನ್ನ ಹೇಳವ್ವ," ಎಂದ ಗಾದಿಲಿಂಗಪ್ಪ.

ಸಮತಾ ಮೂಗು ಒರೆಸಿಕೊಂಡು, ತಾನು ದೊಡ್ಡಪ್ಪ ಎಂದೇ ಕರೆಯುವ ಗಾದಿಲಿಂಗಪ್ಪನಿಗೆ ಹೇಳಿದಳು. ಕೊಟ್ಟೂರಿನ ಒಂದು ಬಾಡಿಗೆ ಮನೆಯಲ್ಲಿ ಡಾಕ್ಟರ್ ಅರ್ಚನಾ ಎಂಬವರು ಸಂಶೋಧನೆ ನಡೆಸುತ್ತಿದ್ದರು. ರಕ್ತ ಬೇಗ ಹೆಪ್ಪುಗಟ್ಟುವವರಿಗೆ ಹೃದಯದ ಕಾಯಿಲೆಯೂ ಹೆಚ್ಚು ಬರುತ್ತದೆಯೇ ಎಂಬುದು ಅವರ ಪ್ರಶ್ನೆ. ಕುರಿ ಸಾಕುವ ಮನೆಗಳಿಂದ ಮನೆಗೊಬ್ಬರನ್ನು ಆರಿಸಿ, ಆರು ತಿಂಗಳ ಅಂತರದಲ್ಲಿ ಎರಡು ಸಲ ರಕ್ತ ತೆಗೆದು ಹೋಲಿಸುತ್ತಿದ್ದರು. ಮೊದಲ ಸುತ್ತು ಮುಗಿದ ಮೇಲೆ ಸಮತಾ ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿದ್ದಳು. ಅವಳ ಮನೆಯಲ್ಲಿ ತಿಂಗಳ ಸಂಬಳ ಕಂಡ ಮೊದಲ ಹೆಣ್ಣುಮಗಳು ಅವಳೇ.

"ಹೊಸಹಳ್ಳಿ ಅರುಣ್ ಕುಮಾರ್ ಅಂತ ಒಬ್ಬರ ರಕ್ತ ಮೊದಲ್ನೇ ಸಲ ಓ ಗುಂಪು ಇತ್ತು, ದೊಡ್ಡಪ್ಪ. ಈ ಸೋಮವಾರ ನಾನು ತಗದದ್ದು ಬಿ ಬಂದೈತಿ. ನಾ ತಪ್ಪು ಚೀಟಿ ಅಂಟಿಸೀನಿ ಅಂತ ಮೇಡಂ ಅಂತಾರ. ನಾಳಿಯಿಂದ ಬರಬ್ಯಾಡ ಅಂದಾರ. ನಾ ಅಂಟಿಸಿಲ್ಲ."

ಅಷ್ಟು ಹೇಳಿ ಮತ್ತೆ ಅತ್ತಳು.

ಆ ಸಂಶೋಧನಾ ಕೇಂದ್ರಕ್ಕೆ ಬಂದ ಮೂವರನ್ನೂ ಅರ್ಚನಾ ಬೇಸರದಿಂದಲೇ ಬರಮಾಡಿಕೊಂಡರು. ದಾವಣಗೆರೆ ಕಡೆಯವರು, ಮಾತು ಚುರುಕು, ಮನಸ್ಸು ಕೆಟ್ಟದ್ದಲ್ಲ. "ಒಂದು ಟ್ಯೂಬ್ ತಪ್ಪಿದರೆ ಎಲ್ಲದರ ಮೇಲೂ ಅನುಮಾನ ಬರುತ್ತೆ. ನನ್ನ ಇಡೀ ಅಧ್ಯಯನ ನೀರುಪಾಲಾಗುತ್ತೆ," ಎಂದರು.

"ಖರೇ. ಅರುಣ್ ಕುಮಾರನ ಹೆಸರಿನಾಗ ಬ್ಯಾರೆಯವರ ರಕ್ತ ಬಂತು. ಹಂಗಾರ ಅರುಣ್ ಕುಮಾರನ ರಕ್ತ ಯಾರ ಹೆಸರಿಗೆ ಹೋತ್ರಿ?" ಎಂದು ಗಾದಿಲಿಂಗಪ್ಪ ಕೇಳಿದ.

ಅರ್ಚನಾ ದಾಖಲೆ ಪುಸ್ತಕ ತಿರುವಿ ನೋಡಿದರು. "ಉಳಿದವರದೆಲ್ಲ ಹಿಂದಿನದಕ್ಕೆ ಸರಿಹೊಂದಿದೆ. ಒಬ್ಬರ ರಕ್ತವನ್ನೇ ಇಬ್ಬರ ಹೆಸರಿಗೆ ತುಂಬಿರಬಹುದು."

"ತುಂಬಿದ್ರ ಎರಡೂ ಒಂದ ಥರ ಇರಬೇಕಲ್ರಿ?"

ಇಲ್ಲಿ ಸಮತಾ ಬಾಯಿ ಹಾಕಿದಳು. "ಇರಲಿಲ್ಲ ದೊಡ್ಡಪ್ಪ. ಡೆಂಗಿ ಬಂದಾಗ ಕಡಿಮಿ ಆಗ್ತಾವಲ್ಲ, ಪ್ಲೇಟ್‌ಲೆಟ್, ಅವು ಒಂದಕ್ಕೊಂದು ಅಂಟಿಕೊಂಡ್ರನ ರಕ್ತ ಹೆಪ್ಪುಗಟ್ಟೂದು. ಅಂಟಿಸೋ ಔಷಧಿ ಹಾಕಿ ನೋಡ್ತೀವಿ. ಅವು ಗಂಟು ಕಟ್ಟಿದ್ರ ಮಂಜಾಗಿರೋದು ತಿಳಿ ಆಗಬೇಕು. ಅವತ್ತು ಎಲ್ಲಾರದೂ ತಿಳಿ ಆತು. ಇವರದೊಂದ ಮಂಜು ಮಂಜಾಗೇ ಉಳೀತು."

"ಯಾಕ ಹಂಗ?"

ಉತ್ತರ ಅರ್ಚನಾ ಕೊಟ್ಟರು. "ಹೃದಯದ ತೊಂದರೆ ಇರುವವರಿಗೆ ಆಸ್ಪಿರಿನ್ ಕೊಡ್ತೀವಿ. ಅದನ್ನು ನುಂಗಿದವರ ರಕ್ತ ಹೀಗೆ ಕಾಣುತ್ತೆ. ಆದರೆ ಅರುಣ್ ಕುಮಾರ್ ಯಾವ ಮಾತ್ರೆಯನ್ನೂ ತಗೊಳ್ಳಲ್ಲ. ಫೋನ್ ಮಾಡಿ ಕೇಳಿದೆವು, ಬಂದಿದ್ದು ನಾನೇ ಅಂದ. ಮತ್ತೊಮ್ಮೆ ಬಂದು ರಕ್ತ ಕೊಡಿ ಅಂದರೆ, ಅಮಾವಾಸ್ಯೆ ಕಳೆಯಲಿ ಅಂದ."

ಹಳ್ಳಿಗಳಿಂದ ಜನರನ್ನು ಕರೆಸುವ ಅಂಜಿನಿ ಬಾಗಿಲಲ್ಲಿ ನಿಂತಿದ್ದ. ಹುಲುಗೇಶನ ಕಣ್ಣು ಅವನ ಮೇಲೆ ಬಿತ್ತು. "ಲೆಕ್ಕ ತುಂಬಿಸಾಕ ನೀನ ಯಾರನ್ನೋ ಹಿಡ್ಕೊಂಡು ಬಂದಿ ಹೌದಿಲ್ಲೋ?" ಎಂದು ಜೋರಾಗಿಯೇ ಕೇಳಿದ.

"ಇಲ್ರಿ ಸರ. ಕೇಂದ್ರದ ಕಾರ್ಡು ಅವರ ಕೈಯಾಗ ಇತ್ತು. ಹೆಸರು ಕೂಗಿದೆ, ಹ್ಞೂಂ ಅಂದ್ರು. ಕಾರ್ಡಿನಾಗ ಫೋಟೋ ಇರಂಗಿಲ್ಲ. ಎಲ್ಲಾರೂ ಮಾಸ್ಕ್ ಹಾಕ್ಕೊಂಡಿರ್ತಾರ," ಎಂದ ಅಂಜಿನಿ. ಅವನ ಮುಖ ಬಾಡಿತು.

"ಸಮತಾ, ಆ ಮನಿಷ್ಯಾನ ಮಾರಿ ನೀ ಒಮ್ಮೇನೂ ನೋಡಲಿಲ್ಲೇನು?" ಎಂದು ಗಾದಿಲಿಂಗಪ್ಪ ಕೇಳಿದ.

"ಚಾ ಕುಡಿಯಾಕ ಮಾಸ್ಕ್ ಇಳಿಸಿದಾಗ ನೋಡಿದೆ. ಆಗಿಂದಾಗ ದಾಡಿ ಮಾಡ್ಕೊಂಡು ಬಂದಂಗಿತ್ತು. ಗದ್ದಕ್ಕ ಹತ್ತಿ ಅಂಟಿಸಿಕೊಂಡಿದ್ರು, ಹತ್ತಿ ಇನ್ನೂ ಕೆಂಪಗ ತೊಯ್ತಾ ಇತ್ತು. ರಕ್ತ ಕೊಟ್ಟ ಮ್ಯಾಲ ಎಲ್ಲಾರೂ ಹೋದ್ರು, ಅವರು ಹೋಗಲಿಲ್ಲ. ನನ್ನ ರಕ್ತ ಹೆಂಗೈತಿ ಹೇಳವ್ವ ಅಂತ ಕಟ್ಟಿ ಮ್ಯಾಲ ಕುಂತಿದ್ರು. ನೋಡಿ ಹೇಳಿದೆ, ಗಂಟು ಕಟ್ಟೋ ರಕ್ತ ಅಲ್ಲಣ್ಣ, ಚಿಂತಿ ಮಾಡಬ್ಯಾಡ್ರಿ ಅಂತ. ಕೈ ಮುಗದು ಹ್ವಾದ್ರು."

"ಹಾಗೆಲ್ಲ ಹೇಳಬಾರದು ಸಮತಾ," ಎಂದರು ಅರ್ಚನಾ.

ಗಾದಿಲಿಂಗಪ್ಪ ಜೇಬಿನ ಶೇಂಗಾ ಕೈಯಲ್ಲೇ ಹಿಡಿದು ನಿಂತುಬಿಟ್ಟಿದ್ದ. "ಹುಲುಗ್ಯಾ, ಗಾಡಿ ತಗೀಲೇ. ಹೊಸಹಳ್ಳಿಗೆ ಹೋಗೂನು," ಎಂದ.

ದಾರಿಯುದ್ದಕ್ಕೂ ಹುಲುಗೇಶ ಅಂಜಿನಿಯನ್ನು ಬೈದ. ಹಿಂದೆ ಕುಳಿತ ಗಾದಿಲಿಂಗಪ್ಪ ತನಗೆ ಹೊಳೆದದ್ದನ್ನು ಬಿಟ್ಟುಕೊಡದೆ, ಲಗೂ ನಡಿ ಎಂದಷ್ಟೇ ಅನ್ನುತ್ತಿದ್ದ. ಸ್ನೇಹಿತನ ಈ ಚಟ ಹುಲುಗೇಶನಿಗೆ ಮೂವತ್ತು ವರ್ಷದಿಂದ ಸೇರದು.

ಹೊಸಹಳ್ಳಿಯಲ್ಲಿ ಅರುಣ್ ಕುಮಾರನ ಮನೆಯ ಪಕ್ಕದಲ್ಲೇ ಕುರಿ ಕೂಡಿಹಾಕುವ ರೊಪ್ಪ. ಬಾಗಿಲಿಗೆ ಬಂದ ಯುವಕನ ಕಾಲಲ್ಲಿ ಚಪ್ಪಲಿ ಇಲ್ಲ, ಮುಖದ ತುಂಬ ಗಡ್ಡ. ಒಳಗೆ ದೇವರ ಗೂಡಿನಲ್ಲಿ ಭಂಡಾರದ ಅರಿಶಿನ ಹಚ್ಚಿದ ಬೆತ್ತ ಒರಗಿತ್ತು.

"ಈ ಸಲ ದೇವರ ಬೆತ್ತ ನಮ್ಮ ಅರುಣಾ ಹಿಡದಾನ್ರಿ," ಎಂದಳು ತಾಯಿ ಜಂಬಕ್ಕ, ಚಾಪೆ ಹಾಸುತ್ತ. "ಹೋದ ಅಮಾಸಿಗೆ ಹಿಡದದ್ದು, ಬರೋ ಅಮಾಸಿಗೆ ಇಳಸ್ತಾನ. ಅಲ್ಲೀತನ ವ್ರತ, ಗಡ್ಡಕ್ಕ ಕತ್ತಿ ಮುಟ್ಟಿಸಂಗಿಲ್ಲ."

ಹಿರಿಯ ಮಗ ಪಕ್ಕೀರಪ್ಪ ರೊಪ್ಪದಿಂದ ಬಂದ. ನುಣ್ಣಗೆ ದಾಡಿ ಮಾಡಿದ ಮುಖ, ಗದ್ದದ ಮೇಲೆ ಒಣಗಿದ ಗಾಯದ ಗೆರೆ. ಅಷ್ಟು ದೂರ ನಡೆದದ್ದಕ್ಕೇ ಗೋಡೆ ಹಿಡಿದು ಉಸಿರು ಎಳೆದುಕೊಂಡ. ಗೋಡೆಯ ಗೂಟಕ್ಕೆ ಕುರಿಗಳ ಔಷಧಿ ಚೀಲ ನೇತಾಡುತ್ತಿತ್ತು. ಜಂತುಹುಳದ ಔಷಧಿ ಬಾಟಲಿ, ಅದರ ಹಿಂದೆ ಸಣ್ಣ ಸಣ್ಣ ಬಿಳಿ ಮಾತ್ರೆಗಳ ಒಂದು ಪಟ್ಟಿ. ಹುಲುಗೇಶ ಅದನ್ನು ನೋಡಿದ, ಕುರಿಯ ಕಾಯಿಲೆಗಳು ತನಗೇಕೆ ಎಂದು ಬಿಟ್ಟ.

ಗಾದಿಲಿಂಗಪ್ಪ ಬಿಡಲಿಲ್ಲ. ಹೊರಗೆ ಹೋಗಿ ಅರ್ಚನಾರಿಗೆ ಫೋನ್ ಮಾಡಿದ. "ಜೀಪು ತಗೊಂಡು ಬರ್ರಿ. ಸಮತಾನ್ನ, ಅಂಜಿನಿನ್ನ ಕರ್ಕೊಂಡು ಬರ್ರಿ. ರಕ್ತದ ಗುಂಪು ನೋಡೋ ಔಷಧಿನೂ ಇರ್ಲಿ. ತಡಾ ಮಾಡಬ್ಯಾಡ್ರಿ."

ಮಧ್ಯಾಹ್ನ ಎಲ್ಲರೂ ಪಡಸಾಲೆಯಲ್ಲಿ ಕುಳಿತರು. ಸಮತಾ ಮಾವನ ಪಕ್ಕಕ್ಕೆ ಸರಿದು ಕುಳಿತು ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ಗಾದಿಲಿಂಗಪ್ಪ ಅವಸರವಿಲ್ಲದೆ ಆರಂಭಿಸಿದ.

"ಚೀಟಿ ಅದಲು ಬದಲಾಗಿದ್ರ ಇನ್ನೊಬ್ಬರದೂ ತಪ್ಪಬೇಕಿತ್ತು. ತಪ್ಪಿಲ್ಲ. ಒಬ್ಬರ ರಕ್ತ ಎರಡು ಕಡಿ ತುಂಬಿದ್ರ ಅಂಟದ ರಕ್ತ ಎರಡು ಸಿಗಬೇಕಿತ್ತು. ಸಿಕ್ಕಿದ್ದು ಒಂದ. ಅಂದ್ರ ಟ್ಯೂಬು ತಪ್ಪಿಲ್ಲ, ಚೀಟಿ ತಪ್ಪಿಲ್ಲ. ಕುರ್ಚಿ ಮ್ಯಾಲ ಕುಂತ ಮನಿಷ್ಯಾ ತಪ್ಪ್ಯಾನ."

ಅರುಣ್ ಕುಮಾರ್ ನೆಲ ನೋಡಿದ.

"ಬಂದಿದ್ದು ನಾನ ಅಂತ ಫೋನಿನಾಗ ಹೇಳೀಯಪ್ಪ. ಸೋಮವಾರ ಬಂದವನ ಗದ್ದ ನುಣ್ಣಗಿತ್ತು. ನಿನ್ನ ಗಡ್ಡ ನಾಕು ದಿನದ್ದಲ್ಲ. ಕತ್ತಿ ಯಾಕ ಮುಟ್ಟಿಸಂಗಿಲ್ಲ ಜಂಬಕ್ಕ?"

"ಬೆತ್ತ ಹಿಡದವನ ಮೈಯಿಂದ ಹನಿ ರಕ್ತ ಬೀಳಬಾರದ್ರಿ," ಎಂದಳು ಜಂಬಕ್ಕ. ಹೇಳಿದ ಮೇಲೆ ಮಗನ ಕಡೆ ತಿರುಗಿದಳು.

"ಹನಿ ಬೀಳಬಾರದವ ಟ್ಯೂಬು ತುಂಬ ಹೆಂಗ ಕೊಡ್ತಾನ? ಅದಕ್ಕ ಅಮಾಸಿ ಕಳೀಲಿ ಅಂದ. ಕಾರ್ಡು ಮಾತ್ರ ಮನಿಯೊಳಗ ಇನ್ನೊಬ್ಬರಿಗೆ ಕೊಟ್ಟ. ಆ ಇನ್ನೊಬ್ಬ ದಾಡಿ ಮಾಡ್ಕೊಂಡು ಬಂದಿದ್ದ. ಕತ್ತಿ ತಾಗಿದ ರಕ್ತ ಕೊಟ್ಟೂರಿಗೆ ಬಂದ್ರೂ ನಿಂತಿರಲಿಲ್ಲ. ಅವನ ರಕ್ತ ಅಂಟಂಗಿಲ್ಲ, ಯಾಕಂದ್ರ ಮಾತ್ರಿ ನುಂಗ್ತಾನ." ಗಾದಿಲಿಂಗಪ್ಪ ಎದ್ದು ಚೀಲದಿಂದ ಮಾತ್ರೆಯ ಪಟ್ಟಿ ತೆಗೆದು ಅರ್ಚನಾರ ಕೈಗಿಟ್ಟ. "ಕುರಿಗೆ ಇಷ್ಟು ಸಣ್ಣ ಮಾತ್ರಿ ಯಾರೂ ಹಾಕಿದ್ದು ನಾ ನೋಡಿಲ್ಲ."

"ಆಸ್ಪಿರಿನ್," ಎಂದರು ಅರ್ಚನಾ ಮೆಲ್ಲಗೆ.

ಯಾರೂ ಹೇಳುವ ಮೊದಲೇ ಪಕ್ಕೀರಪ್ಪ ಬೆರಳು ಮುಂದೆ ಚಾಚಿದ. ಸಮತಾ ಸೂಜಿ ಚುಚ್ಚಿ, ಗಾಜಿನ ಮೇಲೆ ಹನಿಯಿಟ್ಟು ಔಷಧಿ ಬೆರೆಸಿದಳು. ಗುಂಪು ಬಿ. ಅವಳು ಗಾಜನ್ನು ಅರ್ಚನಾರ ಕಡೆ ಚಾಚಿದಳು.

"ತಮ್ಮಂದೇನೂ ತಪ್ಪಿಲ್ರಿ," ಎಂದ ಪಕ್ಕೀರಪ್ಪ. "ನಾನ ಹೋಗ್ತೀನಿ ಅಂದೆ. ಕುರಿ ಹಿಂದ ಏರು ಹತ್ತುವಾಗ ಎದಿ ಹಿಡೀತಿತ್ತು. ಹರಪನಹಳ್ಳಿ ಡಾಕ್ಟ್ರು ಮಾತ್ರಿ ಕೊಟ್ಟು, ದಿನಾ ನುಂಗು ಅಂದ್ರು. ಅಪ್ಪ ಕುರಿ ಹಿಂದನ ಬಿದ್ದು ಸತ್ತಾನ. ಅವ್ವಗ ಗೊತ್ತಾದ್ರ ಕುರಿ ಮಾರಸ್ತಾಳ ಅಂತ ಮುಚ್ಚಿಟ್ಟೆ. ನನ್ನ ರಕ್ತ ಹೆಂಗೈತಿ ಅಂತ ನೋಡಬೇಕಿತ್ತು, ಅಷ್ಟ."

ಅರ್ಚನಾ ಸಮತಾಳ ಕಡೆ ತಿರುಗಿದರು. "ನಾನು ಆತುರಪಟ್ಟೆ. ಸೋಮವಾರ ಕೆಲಸಕ್ಕೆ ಬಾ. ಇನ್ನು ಮೇಲೆ ಕಾರ್ಡಿಗೆ ಫೋಟೋ ಅಂಟಿಸೋಣ."

ಹುಲುಗೇಶನ ಎದೆ ಹಗುರಾಯಿತು. ಇನ್ನು ಎದ್ದು ಹೋಗಿ ಕೊಟ್ಟೂರಿನಲ್ಲಿ ಮಿರ್ಚಿ ಮಂಡಕ್ಕಿ ತಿನ್ನುವುದೊಂದೇ ಬಾಕಿ ಎಂದು ಮೊಣಕಾಲಿಗೆ ಕೈಯೂರಿದ. ಆದರೆ ಗಾದಿಲಿಂಗಪ್ಪ ಕುಳಿತೇ ಇದ್ದ.

"ನಿಮ್ಮನ್ನ ಲಗೂನ ಕರಸಿದ್ದು ಇದಕ್ಕಲ್ಲ ಮೇಡಂ. ಪಕ್ಕೀರಪ್ಪ, ಮಾತ್ರಿ ಬಿಟ್ಟು ಎಷ್ಟು ದಿನಾ ಆತು?"

"ಸೋಮವಾರದಿಂದ ಬಿಟ್ಟೀನ್ರಿ. ನಿನ್ನಿಯಿಂದ ಮತ್ತ ಎದಿ ಹಿಡ್ಯಾಕತ್ತೈತಿ. ರಕ್ತ ಚಲೋ ಐತಿ, ಗಂಟು ಕಟ್ಟಂಗಿಲ್ಲ ಅಂತ ಈ ತಂಗಿನ ಹೇಳಿದ್ಲಲ್ಲ. ಮತ್ಯಾಕ ಮಾತ್ರಿ?"

ಸಮತಾಳ ಮುಖದ ಬಣ್ಣವೇ ಹೋಯಿತು. ತನ್ನ ಒಂದು ಒಳ್ಳೆಯ ಮಾತು ಎಲ್ಲಿಗೆ ಹೋಗಿ ಮುಟ್ಟಿದೆ ಎಂಬುದು ಅವಳಿಗೆ ಆಗ ಗೊತ್ತಾಯಿತು. "ಅಣ್ಣಾ," ಎಂದಳು, "ಆ ಚಲೋ ಅನ್ನೋದು ನಿಮ್ಮ ರಕ್ತದ್ದಲ್ಲ, ಮಾತ್ರಿದು. ನೀವು ನುಂಗ್ತಿದ್ರಿ, ಅದಕ್ಕ ಅಂಟಲಿಲ್ಲ. ಬಿಟ್ರ ಮತ್ತ ಅಂಟತೈತಿ. ಎದಿ ಒಳಗನ ಅಂಟತೈತಿ. ನನಗ ಗೊತ್ತಿರಲಿಲ್ಲಣ್ಣ."

ಅರ್ಚನಾ ಎದ್ದು ಅವನ ನಾಡಿ ಹಿಡಿದು ನೋಡಿದರು. "ಈಗಲೇ ಒಂದು ಮಾತ್ರೆ ಅಗಿದು ನುಂಗಿ. ಅಂಜಿನಿ, ಜೀಪ್ ತಿರುಗಿಸು. ಇ.ಸಿ.ಜಿ. ಆಗಬೇಕು, ದೊಡ್ಡ ಆಸ್ಪತ್ರೆಗೆ ಹೋಗೋಣ."

ಜಂಬಕ್ಕ ಇಷ್ಟು ಹೊತ್ತೂ ಕಂಬಕ್ಕೆ ಒರಗಿ ನಿಂತಿದ್ದಳು. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಹಿರಿಮಗನ ಮುಂದೆ ಕುಳಿತಳು. ಅಳಲಿಲ್ಲ, ಬೈಯಲೂ ಇಲ್ಲ.

"ನಿಮ್ಮಪ್ಪನೂ ಮುಚ್ಚಿಟ್ಟಿದ್ದ," ಎಂದಳು. "ಅವನ ಅಂಗಿ ಜೇಬಿನಾಗ ಮಾತ್ರಿ ಸಿಕ್ಕಿದ್ದು ಹೆಣ ತೊಳಿಯುವಾಗ. ಕುರಿ ಇರ್ಲಿ ಬಿಡು, ಮಾರಂಗಿಲ್ಲ. ನೀ ನುಂಗು. ನನ್ನ ಕಣ್ಣ ಮುಂದ ನುಂಗು."

ಪಕ್ಕೀರಪ್ಪ ನುಂಗಿದ. ತಮ್ಮ ಅವನ ಹೆಗಲಿಗೆ ಕೈ ಹಾಕಿ ಜೀಪಿಗೆ ಹತ್ತಿಸಿದ, ಸಮತಾ ಪಕ್ಕದಲ್ಲಿ ಕುಳಿತು ಅವನ ಕೈ ಹಿಡಿದುಕೊಂಡಳು. ಜೀಪು ಹೋದ ಮೇಲೆ ಜಂಬಕ್ಕ ಚೊಂಬು ಹಿಡಿದು ಪಡಸಾಲೆಗೆ ಮರಳಿದಳು.

ಹುಲುಗೇಶ ತನ್ನ ಅಂಗಿಯ ಜೇಬಿನಲ್ಲೇ ಉಳಿದಿದ್ದ ಬೆಳಗಿನ ಮಾತ್ರೆಯನ್ನು ಮುಟ್ಟಿ ನೋಡಿಕೊಂಡ. ಗಾದಿಲಿಂಗಪ್ಪ ಕಂಡರೂ ಕಾಣದವನಂತೆ ಶೇಂಗಾ ಸುಲಿಯತೊಡಗಿದ್ದ.

"ಅವ್ವಾ, ಆ ಚೊಂಬಿನಾಗ ನೀರು ಉಳದಿದ್ರ ನನಗೂ ಒಂದೀಟು ಕೊಡು," ಎಂದ ಹುಲುಗೇಶ.